ಬ್ರಿಜೆಟ್ ಅಜ್ಜಿಯ ಫೋಟೋ ಮತ್ತು ನಮ್ಮ ಮನೆ ಗುಂಪು

ನನ್ನ ಗಂಡನ ಕಡೆಯವರು ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ನೇಸ್ ಊರಿನವರು. ಮುಂದಿನ ತಿಂಗಳು ಅತ್ತೆಗೆ 80 ತುಂಬುತ್ತದೆ. ಮನೆಯಲ್ಲಿರುವ ಹಳೇ ಫೋಟೋಗಳನ್ನು ಜೋಡಿಸಿ ಒಂದು ವಂಶವೃಕ್ಷ ಮಾಡಿಸಿ ಗೋಡೆಗೆ ಹಾಕೋಣ ಅಂತ ಇದ್ದೇವೆ. ಒಂದು ಫೋಟೋ ಸ್ವಲ್ಪ ಮಾಸಿತ್ತು. ಸರಿ ಮಾಡಿಕೊಡು ಅಂತ ಮಂಜುಗೆ ಕಳಿಸಿದೆ. ಅವನು ಅದನ್ನು ‘ನಮ್ಮ ಮನೆ’ ಗುಂಪಿಗೆ ಹಾಕಿದ. ಮುಂದಿನದು ಇಲ್ಲಿದೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಕಷಾಯದ ವಿಡಿಯೋವನ್ನೂ ತೆಗೆದಿದ್ದೇನೆ.

ಮಂಜು: [ಫೋಟೋ] ಸ್ವಾತಿ ಅಕ್ಕನ ಅತ್ತೆಯ ಮುತ್ತಜ್ಜಿ ಬ್ರಿಜೆಟ್. 1847, ಐರಿಷ್ ಕ್ಷಾಮದ ಕಾಲ! ಆ್ಯಪ್‌ನಲ್ಲಿ ಬಣ್ಣ ಹಾಕಿದ್ದೇನೆ. ಹೇಗಿದೆ?

ದೊಡ್ಡಪ್ಪ: ಅದ್ಭುತ 🙏 ಕೆಂಪು ಕೂದಲು, ಹಸಿರು ಶಾಲು. ನೋಡಿದ ಕೂಡಲೇ ಐರಿಷ್ ಅಂತ ಗೊತ್ತಾಗುತ್ತದೆ.

ಸರೋಜತ್ತೆ: ಪಕ್ಕದಲ್ಲಿರುವ ಮಗು ಎಷ್ಟು ಮುದ್ದಾಗಿದೆ!

ರಘು ಚಿಕ್ಕಪ್ಪ: ಮಂಜು, ಬಣ್ಣ ಇಲ್ಲದ ಅಸಲಿ ಹಾಕು. ಅಂಚು ಕತ್ತರಿಸಬೇಡ. ಹಿಂಬದಿಯೂ ಬೇಕು.

(ಚಿಕ್ಕಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಿವೃತ್ತರಾದವರು. ಮದುವೆ ಕಾಗದ ಕೊಟ್ಟರೂ ಹಿಂದೆ ತಿರುಗಿಸಿ ನೋಡುತ್ತಾರೆ.)

ನಾನು: [ಫೋಟೋ] [ಫೋಟೋ] ಇದು ಮುಂದಿನದು, ಇದು ಹಿಂದಿನದು. ಹಿಂದೆ ಪೆನ್ಸಿಲ್‌ನಲ್ಲಿ ‘ಬ್ರಿಜೆಟ್ 1847’ ಅಂತ ಇದೆ. ಅತ್ತೆಯೂ ಹಾಗೇ ಹೇಳುತ್ತಾರೆ.

ರಘು ಚಿಕ್ಕಪ್ಪ: ಪೆನ್ಸಿಲ್ ಬಿಡು. ಅಚ್ಚಾಗಿರುವುದನ್ನು ಓದು. ಲಾರೆನ್ಸ್, ಅಪ್ಪರ್ ಸ್ಯಾಕ್‌ವಿಲ್ ಸ್ಟ್ರೀಟ್, ಡಬ್ಲಿನ್. ಈ ವಿಲಿಯಂ ಲಾರೆನ್ಸ್ ಸ್ಟುಡಿಯೋ ಶುರು ಮಾಡಿದ್ದೇ 1865ರಲ್ಲಿ. ಅಂಗಡಿ ತೆರೆಯುವ 18 ವರ್ಷ ಮುಂಚೆ ಬ್ರಿಜೆಟ್ ಅಜ್ಜಿ ಅಲ್ಲಿ ಹೋಗಿ ನಿಂತಿದ್ದರಾ?

ದೊಡ್ಡಪ್ಪ: ರಘು, ಫೋಟೋ ತೆಗೆಯುವುದನ್ನು 1839ರಲ್ಲೇ ಕಂಡುಹಿಡಿದಿದ್ದರು. ಹುಡುಕಿ ನೋಡಿದೆ. 1841ರಲ್ಲಿ ಡಬ್ಲಿನ್‌ನಲ್ಲೇ ಒಂದು ಸ್ಟುಡಿಯೋ ಇತ್ತು.

ರಘು ಚಿಕ್ಕಪ್ಪ: ಇತ್ತು ಅಣ್ಣ. ಆದರೆ ಆಗಿನದು ಬೆಳ್ಳಿ ಲೇಪಿಸಿದ ತಾಮ್ರದ ತಗಡು. ಸಣ್ಣ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ದುಡ್ಡಿದ್ದವರಿಗೆ ಮಾತ್ರ. ಇದು ರಟ್ಟಿಗೆ ಅಂಟಿಸಿದ ಕಾಗದದ ಚಿತ್ರ. ಈ ಸಣ್ಣ ಕಾರ್ಡಿಗೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಆಗಿದ್ದು 1854ರಲ್ಲಿ. ಜನ ಮುಗಿಬಿದ್ದು ತೆಗೆಸಿಕೊಂಡಿದ್ದು 1860ರ ನಂತರ. ರಟ್ಟಿನ ಮೂಲೆ ನೋಡು, ದುಂಡಗಿದೆ. ಮೊದಮೊದಲಿನವು ಚೌಕ ಮೂಲೆಯವು, ರಟ್ಟೂ ತೆಳು. ಇದು ದಪ್ಪ ಇದೆಯಾ ಸ್ವಾತಿ?

ನಾನು: ದಪ್ಪ ಇದೆ ಚಿಕ್ಕಪ್ಪ. ಬಗ್ಗುವುದಿಲ್ಲ.

ರಘು ಚಿಕ್ಕಪ್ಪ: ಲಂಗ ನೋಡು. ಸುತ್ತಲೂ ಗುಡಾರದ ಹಾಗೆ ಹರಡಿಲ್ಲ. ಮುಂದೆ ಚಪ್ಪಟೆ, ನೆರಿಗೆಯೆಲ್ಲ ಹಿಂದಕ್ಕೆ ಎತ್ತಿ ಕಟ್ಟಿದ್ದಾರೆ. 1870ರ ದಶಕ ಅಂತ ನನ್ನ ಲೆಕ್ಕ.

ಅಮ್ಮ: ರಘು, ಬೀಗಿತ್ತಿಯ ಹುಟ್ಟುಹಬ್ಬ ಅದು. ಕೋರ್ಟ್ ಕೇಸ್ ಅಲ್ಲ.

ದೊಡ್ಡಪ್ಪ: ಅದನ್ನೇ ನಾನೂ ಹೇಳುವುದು. ಮನೆಯವರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಮಾತಿಗಿಂತ ರಟ್ಟಿನ ಮೂಲೆ ಜಾಸ್ತಿ ಆಯಿತಾ? ನಮ್ಮ ಮುತ್ತಜ್ಜಿಗೆ ಯಾವ ದಾಖಲೆ ಇದೆ? ಒಂದು ಚೀಟಿ ಇಲ್ಲ. ಆದರೂ ಪ್ರತಿ ವರ್ಷ ಹೆಸರು ಹೇಳಿ ಪಿಂಡ ಇಡುತ್ತೇವೆ.

ರಘು ಚಿಕ್ಕಪ್ಪ: ಪಿಂಡ ಇಡುವುದು ಹೆಸರಿಗೆ ಅಣ್ಣ, ಮುಖಕ್ಕಲ್ಲ. ಇಲ್ಲಿ ಇವರು ಹೆಸರಿಗೆ ಒಂದು ಮುಖ ಅಂಟಿಸುತ್ತಿದ್ದಾರೆ. ತಪ್ಪು ಮುಖ ಒಮ್ಮೆ ಗೋಡೆ ಏರಿದರೆ ಮೊಮ್ಮಕ್ಕಳು ಅದನ್ನೇ ನಂಬುತ್ತಾರೆ. ಯಾರೋ ಅದರ ಫೋಟೋ ತೆಗೆದು ವಂಶಾವಳಿ ವೆಬ್‌ಸೈಟಿಗೆ ಹಾಕುತ್ತಾರೆ. ಆಮೇಲೆ ದೇವರು ಬಂದರೂ ಅಳಿಸಲಾಗುವುದಿಲ್ಲ.

ಮಂಜು: ಚಿಕ್ಕಪ್ಪ, ಬಣ್ಣಕ್ಕೂ ಬೇಜಾರಾ? 😅

ರಘು ಚಿಕ್ಕಪ್ಪ: ಅದಕ್ಕೇ ಜಾಸ್ತಿ ಬೇಜಾರು. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿ ಬಣ್ಣ ಬಿಳಿಯಾಗಿ ಕಾಣುತ್ತಿತ್ತು, ಕೆಂಪು ಕಪ್ಪಾಗಿ ಕಾಣುತ್ತಿತ್ತು. ಕೆಂಪು ಕೂದಲೂ ಕರಿ ಕೂದಲೂ ಅದಕ್ಕೆ ಒಂದೇ. ನಿನ್ನ ಆ್ಯಪ್‌ಗೆ ಕೆಂಪು ಅಂತ ಹೇಗೆ ಗೊತ್ತಾಯಿತು? ‘ಐರಿಷ್’ ಅಂತ ನೀನು ಬರೆದೆ, ಅದು ಬಳಿಯಿತು. ಶಾಲೂ ಅಷ್ಟೇ. ಇನ್ನೊಂದು, ಆಕೆಯ ಗಲ್ಲದ ಮೇಲೆ ಒಂದು ಗುರುತಿತ್ತು. ಕಲೆ ಅಂತ ತಿಳಿದು ಅದು ಒರೆಸಿಹಾಕಿದೆ.

(ನಿಜ. ಅದೇ ಜಾಗದಲ್ಲಿ ಅತ್ತೆಗೂ ಒಂದು ಮಚ್ಚೆ ಇದೆ. ಗುಂಪಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ದೊಡ್ಡಪ್ಪ ಅದನ್ನೇ ಡಿಎನ್‌ಎ ಪರೀಕ್ಷೆ ಅನ್ನುತ್ತಿದ್ದರು.)

ಮಂಜು: ಆ ಸ್ಟುಡಿಯೋದವರ ಹತ್ತಿರ ನೆಗೆಟಿವ್ ಇರಬಹುದಲ್ವಾ? ಅದರಲ್ಲಿ ಹೆಸರು ಬರೆದಿರುತ್ತಾರೆ.

ನಾನು: ಇಲ್ಲ ಮಂಜು, ಕೇಳಿದೆ. 1916ರಲ್ಲಿ ಬ್ರಿಟಿಷರ ವಿರುದ್ಧ ನಡೆದ ಈಸ್ಟರ್ ಬಂಡಾಯದಲ್ಲಿ ಆ ರಸ್ತೆಯಲ್ಲೇ ಗುಂಡು ಹಾರಿದ್ದು. ಲಾರೆನ್ಸ್ ಅಂಗಡಿ ಲೂಟಿಯಾಗಿ ಸುಟ್ಟುಹೋಯಿತು. ಜನರ ಭಾವಚಿತ್ರದ ಪ್ಲೇಟುಗಳು ಅಲ್ಲೇ ಹೋದವು. ಊರು, ಬೀದಿ, ಸಮುದ್ರ ತೀರದ ಪ್ಲೇಟುಗಳು ಬೇರೆ ಕಡೆ ಇದ್ದವು, ಅವು ಉಳಿದವು. ಸುಮಾರು 40,000. ಈಗ ನ್ಯಾಷನಲ್ ಲೈಬ್ರರಿಯಲ್ಲಿವೆ. ರಸ್ತೆಗೂ ಈಗ ಆ ಹೆಸರಿಲ್ಲ. 1924ರಲ್ಲಿ ಓಕಾನೆಲ್ ಸ್ಟ್ರೀಟ್ ಆಯಿತು.

ರಘು ಚಿಕ್ಕಪ್ಪ: ಜನಗಣತಿ?

ನಾನು: ಅದೂ ಅರ್ಧ ಬೂದಿ. 1821ರಿಂದ 1851ರವರೆಗಿನದು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಪಕ್ಕದ ದಾಖಲೆ ಕಚೇರಿ ಸ್ಫೋಟಗೊಂಡಾಗ ಬಹುಪಾಲು ಹೋಯಿತು. 1861, 1871ರದನ್ನು ಸರ್ಕಾರವೇ ನಾಶ ಮಾಡಿಸಿತ್ತು. 1881, 1891ರದನ್ನು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹಾಕಿ ಕಾಗದದ ತಿರುಳು ಮಾಡಿದರು. 1922ಕ್ಕಿಂತ ಹಿಂದಿನದರಲ್ಲಿ ಮನೆಮನೆಯಾಗಿ ಹುಡುಕಲು ಪೂರ್ತಿ ಸಿಗುವುದು 1901, 1911 ಎರಡೇ. ಅವು ಆನ್‌ಲೈನ್‌ನಲ್ಲಿ ಪುಕ್ಕಟೆ.

ರಘು ಚಿಕ್ಕಪ್ಪ: ನಮ್ಮ ಕಚೇರಿಯಲ್ಲಿ ಗೆದ್ದಲು ತಿಂದಾಗ ನನಗೆ ಮೂರು ದಿನ ಊಟ ಸೇರಿರಲಿಲ್ಲ.

ನಾನು: ಕೇಳಿ, ಮಜಾ ಇದೆ. 1901ರಲ್ಲಿ ನೇಸ್‌ನ ಒಂದು ಮನೆಯಲ್ಲಿ ಪ್ಯಾಟ್ರಿಕ್, 29 ವರ್ಷ. ಇವರು ಅತ್ತೆಯ ಅಜ್ಜ. ಜೊತೆಗೆ ಅವರ ತಾಯಿ ಬ್ರಿಜೆಟ್, ವಿಧವೆ, 52 ವರ್ಷ. ಹತ್ತು ವರ್ಷ ಬಿಟ್ಟು 1911ರಲ್ಲಿ ಅದೇ ಮನೆ, ಅದೇ ಬ್ರಿಜೆಟ್. ವಯಸ್ಸು 71.

ಸರೋಜತ್ತೆ: ಹತ್ತು ವರ್ಷದಲ್ಲಿ ಹತ್ತೊಂಬತ್ತು ವರ್ಷ ಹೇಗೆ ಹೆಚ್ಚಾಯಿತು?

ರಘು ಚಿಕ್ಕಪ್ಪ: ಪಿಂಚಣಿ!!

ನಾನು: ಹೇಗೆ ಗೊತ್ತಾಯಿತು ಚಿಕ್ಕಪ್ಪ?

ರಘು ಚಿಕ್ಕಪ್ಪ: ನಾನು ಯಾವ ಇಲಾಖೆಯಲ್ಲಿದ್ದವನು ಅಂದುಕೊಂಡೆ?

ನಾನು: ಅದೇ. 1908ರಲ್ಲಿ ವೃದ್ಧಾಪ್ಯ ವೇತನದ ಕಾನೂನು ಬಂತು. 70 ಆದವರಿಗೆ 1909ರ ಜನವರಿಯಿಂದ ದುಡ್ಡು. ಐರ್ಲೆಂಡಿನಲ್ಲಿ ಎಲ್ಲರ ಹುಟ್ಟನ್ನೂ ನೋಂದಾಯಿಸಲು ಶುರು ಮಾಡಿದ್ದು 1864ರಲ್ಲಿ. ಅದಕ್ಕಿಂತ ಮುಂಚೆ ಹುಟ್ಟಿದವರ ಹತ್ತಿರ ಸರ್ಕಾರಿ ಪ್ರಮಾಣಪತ್ರವೇ ಇರಲಿಲ್ಲ. ಹಾಗಾಗಿ ಎರಡು ಗಣತಿಯ ನಡುವೆ ದೇಶದಲ್ಲಿ ಎಷ್ಟೋ ಮುದುಕರು ಒಮ್ಮೆಲೇ ಇನ್ನೂ ಮುದುಕರಾದರು.

ದೊಡ್ಡಪ್ಪ: ಹಾಗಾದರೆ ಬ್ರಿಜೆಟ್ ಹುಟ್ಟಿದ್ದು 1849ರಲ್ಲೋ 1840ರಲ್ಲೋ? ನಿಮ್ಮ ದಾಖಲೆಯೇ ಎರಡು ನಾಲಗೆ ಆಡುತ್ತಿದೆ. ಬಾಯಿಮಾತನ್ನು ಬೈಯುತ್ತಿದ್ದಿರಿ.

(ಈ ಸುತ್ತು ದೊಡ್ಡಪ್ಪನದು. ಚಿಕ್ಕಪ್ಪ ‘ಟೈಪಿಂಗ್’ ಅಂತ ತೋರಿಸುತ್ತಲೇ ಇದ್ದರು, ಏನೂ ಬರಲಿಲ್ಲ.)

ಸರೋಜತ್ತೆ: 1847 ಆಕೆ ಹುಟ್ಟಿದ ವರ್ಷ ಯಾಕಾಗಿರಬಾರದು? ನಾವೂ ಫೋಟೋ ಹಿಂದೆ ಹುಟ್ಟಿದ ತಾರೀಖು ಬರೆಯುತ್ತೇವಲ್ಲ.

ರಘು ಚಿಕ್ಕಪ್ಪ: ಸರೋಜಕ್ಕ, ಒಳ್ಳೇ ಪಾಯಿಂಟ್. 1847ರಲ್ಲಿ ಹುಟ್ಟಿದ್ದರೆ ಫೋಟೋದಲ್ಲಿ 28, 29. ಮುಖ ನೋಡಿದರೆ ಕೂಡುತ್ತದೆ. ಆ ಮಗು ಪ್ಯಾಟ್ರಿಕ್ ಆಗಬೇಕು. 1872ರ ಸುಮಾರಿಗೆ ಹುಟ್ಟಿದವನು, ನಾಲ್ಕು ವರ್ಷ.

ದೊಡ್ಡಪ್ಪ: ಅದು ಹೆಣ್ಣು ಮಗು ಕಣಯ್ಯ! ಫ್ರಾಕ್ ಹಾಕಿದೆ. ಕನ್ನಡಕ ಹಾಕಿಕೊಂಡು ನೋಡು.

ಮಂಜು: ಆ್ಯಪ್ ಕೂಡ ಹೆಣ್ಣು ಅಂತಲೇ ಗುಲಾಬಿ ಬಣ್ಣ ಕೊಟ್ಟಿದೆ.

ಸರೋಜತ್ತೆ: ಅಣ್ಣ, ರಘುದೇ ಫೋಟೋ ಹಾಕಲಾ? ಚೌಲಕ್ಕೆ ಮುಂಚೆ ತೆಗೆಸಿದ್ದು. ಮೊಗ್ಗಿನ ಜಡೆ, ಝರಿ ಲಂಗ, ಸೊಂಟಕ್ಕೆ ಡಾಬು. ಹಿಂದೆ ಜಡೆ ಕಾಣಲಿ ಅಂತ ಕನ್ನಡಿ ಬೇರೆ ಇಟ್ಟಿದ್ದರು.

ರಘು ಚಿಕ್ಕಪ್ಪ: ಅಗತ್ಯವಿಲ್ಲ ಅಕ್ಕ.

ಸರೋಜತ್ತೆ: [ಫೋಟೋ]

ಮಂಜು: 😂😂😂

ನಾನು: ಸರೋಜತ್ತೆ ಹೇಳಿದ್ದು ಸರಿ. ಅಲ್ಲೂ ಚಿಕ್ಕ ಗಂಡು ಮಕ್ಕಳಿಗೆ ಫ್ರಾಕೇ ಹಾಕುತ್ತಿದ್ದರು. ಪಶ್ಚಿಮದ ಹಳ್ಳಿಗಳಲ್ಲಿ ಸಾಕಷ್ಟು ದೊಡ್ಡ ಹುಡುಗರಿಗೂ ಲಂಗ ಇರುತ್ತಿತ್ತು. ಗಂಡು ಮಗುವನ್ನು ಯಕ್ಷಿಣಿಯರು ಎತ್ತಿಕೊಂಡು ಹೋಗುತ್ತಾರೆ, ಅವರ ಕಣ್ಣು ತಪ್ಪಿಸಬೇಕು ಅಂತ ಹೇಳುತ್ತಿದ್ದರಂತೆ. ಬಟ್ಟೆ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಬೈತಲೆ ನೋಡಬೇಕು. ಸಾಮಾನ್ಯವಾಗಿ ಹೆಣ್ಣು ಮಕ್ಕಳಿಗೆ ನಡುಬೈತಲೆ, ಹುಡುಗರಿಗೆ ಪಕ್ಕಕ್ಕೆ. ದೊಡ್ಡದು ಮಾಡಿ ನೋಡಿ, ಎಡಕ್ಕಿದೆ.

ದೊಡ್ಡಪ್ಪ: ಅಳುವ ಮಗುವನ್ನು ಹಿಡಿದು ಬಾಚಿದರೆ ಬೈತಲೆ ಎಲ್ಲಿ ಬೇಕಾದರೂ ಬೀಳುತ್ತದೆ. ಸರಿ ಬಿಡು. ಸ್ವಾತಿ ಕಳಿಸಿದ ಇನ್ನೊಂದು ಫೋಟೋ, ಆ ಸೈನಿಕನದು. ಟೋಪಿ ಮೇಲೆ ಆನೆ ಇದೆಯಲ್ಲ! ಅವನು ಇಂಡಿಯಾಕ್ಕೆ ಬಂದಿದ್ದ. ಇದರಲ್ಲಿ ಯಾರೂ ತಕರಾರು ತೆಗೆಯಬೇಡಿ.

ನಾನು: ಅದು ಅತ್ತೆಯ ದೊಡ್ಡಪ್ಪ. ಉರಿಯುವ ಗ್ರೆನೇಡ್, ಮೇಲೆ ಹುಲಿ, ಕೆಳಗೆ ಆನೆ. ಬ್ರಿಟಿಷ್ ಸೈನ್ಯದ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಪಡೆಯ ಬ್ಯಾಡ್ಜ್. ಅವರ ಡಿಪೋ ನೇಸ್‌ನಲ್ಲೇ ಇತ್ತು.

ರಘು ಚಿಕ್ಕಪ್ಪ: ತಕರಾರು ಇದೆ ಅಣ್ಣ. ಆ ಪಡೆ 1881ರಲ್ಲಿ ಹುಟ್ಟಿದ್ದು, ಮದ್ರಾಸ್ ಮತ್ತು ಬಾಂಬೆ ಫ್ಯೂಸಿಲಿಯರ್ಸ್ ಸೇರಿ. ಮದ್ರಾಸಿನವರು ಮೊದಲು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ಆನೆ ‘ಕರ್ನಾಟಿಕ್, ಮೈಸೂರು’ ಯುದ್ಧಗಳ ಗುರುತು, ಹುಲಿ ಪ್ಲಾಸಿ, ಬಕ್ಸಾರ್‌ದು. ಅವರ ಯುದ್ಧ ಗೌರವದ ಪಟ್ಟಿಯಲ್ಲಿ ‘ನಂಡಿ ಡ್ರೂಗ್’ ಅಂತಲೂ ಇದೆ. ನಮ್ಮ ನಂದಿಬೆಟ್ಟ! 1791ರಲ್ಲಿ ಟಿಪ್ಪುವಿನಿಂದ ಕಿತ್ತುಕೊಂಡಿದ್ದು. ಟೋಪಿ ಹಾಕಿದ ಹುಡುಗನಿಗೆ ಆನೆ ಸಿಕ್ಕಿದ್ದು ಪಡೆಯಿಂದ, ಪ್ರಯಾಣದಿಂದ ಅಲ್ಲ.

ದೊಡ್ಡಪ್ಪ: ನಂದಿಬೆಟ್ಟ!! ನೋಡಿದೆಯಾ, ಏನೋ ಸಂಬಂಧ ಇದ್ದೇ ಇತ್ತು. ಋಣಾನುಬಂಧ.

ರಘು ಚಿಕ್ಕಪ್ಪ: ಸ್ವಾತಿ, ಅವನ ಎಡತೋಳಿನ ಕೆಳಗೆ ಸಣ್ಣ ನೆಟ್ಟನೆಯ ಹಿತ್ತಾಳೆ ಪಟ್ಟಿ ಇದೆಯಲ್ಲ. ಗಾಯಗೊಂಡವರಿಗೆ ಅದನ್ನು ಕೊಡಲು ಶುರು ಮಾಡಿದ್ದು 1916ರಲ್ಲಿ. ಫೋಟೋ ಅದಕ್ಕಿಂತ ಹಿಂದಿನದಲ್ಲ.

ನಾನು: ಸರಿಯಾಗಿ ಹೇಳಿದಿರಿ. ಅವರ ಸರ್ವಿಸ್ ದಾಖಲೆ ಮಾತ್ರ ಸಿಗಲಿಲ್ಲ. ಮೊದಲ ಮಹಾಯುದ್ಧದ ಸಿಪಾಯಿಗಳ ಕಡತ ಹೆಚ್ಚಿನವು 1940ರಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋದವು. ಪದಕದ ಕಾರ್ಡ್ ಸಿಗಬಹುದು. ಈ ಫೋಟೋ ಗೋಡೆ ಮೇಲೆ ಎಂದೂ ಇರಲಿಲ್ಲವಂತೆ. ಬೀರುವಿನಲ್ಲಿ ಬಟ್ಟೆಯ ಕೆಳಗೆ ಇತ್ತು. 1922ರಲ್ಲಿ ದೇಶ ಬ್ರಿಟನ್‌ನಿಂದ ಬೇರೆಯಾಯಿತು, ಆ ಪಡೆಯನ್ನೂ ಅದೇ ವರ್ಷ ವಿಸರ್ಜಿಸಿದರು. ಬ್ರಿಟಿಷರ ಸಮವಸ್ತ್ರ ಹಾಕಿದ ಮಗನ ಚಿತ್ರವನ್ನು ಬಂದವರಿಗೆ ತೋರಿಸುವುದು ಹೇಗೆ?

ಅಮ್ಮ: ಪಾಪ. ಅದನ್ನೂ ಹಾಕುತ್ತಾರಂತಾ ಈಗ?

ನಾನು: ಅತ್ತೆ ‘ಮೊದಲು ಅವನದೇ ಹಾಕು’ ಅಂದರು. ಅದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಈಗ ಬ್ರಿಜೆಟ್ ವಿಷಯ. ಪೆನ್ಸಿಲ್ ಬರಹ ಯಾರದು ಅಂತ ಕೇಳಿದೆ. ಅವರ ಸೋದರತ್ತೆಯದಂತೆ. 1950ರ ದಶಕದಲ್ಲಿ ಕೂತು ಎಲ್ಲ ಫೋಟೋಗಳ ಹಿಂದೆ ಬರೆದರಂತೆ.

ರಘು ಚಿಕ್ಕಪ್ಪ: 1950ರಲ್ಲಿ ಬರೆದಿದ್ದು 1870ರ ಫೋಟೋಕ್ಕೆ ಸಾಕ್ಷಿಯಾ?

ನಾನು: ಪೂರ್ತಿ ಕೇಳಿ. ಆ ಸೋದರತ್ತೆ 1911ರ ಗಣತಿಯಲ್ಲಿ ಇದ್ದಾರೆ. ಆರು ವರ್ಷದ ಹುಡುಗಿ. ಬ್ರಿಜೆಟ್ ಇದ್ದ ಅದೇ ಮನೆ. ಅಜ್ಜಿಯ ಜೊತೆ ಬೆಳೆದವರು ಅಜ್ಜಿಯ ಫೋಟೋಗೆ ಹೆಸರು ಬರೆದಿದ್ದಾರೆ.

ದೊಡ್ಡಪ್ಪ: ಹಾ! ಬಾಯಿಮಾತು ಗೆದ್ದಿತು.

ರಘು ಚಿಕ್ಕಪ್ಪ: ಅಜ್ಜಿಯನ್ನು ಆಕೆ ನೋಡಿದ್ದು ಮುಪ್ಪಿನಲ್ಲಿ. ಫೋಟೋದಲ್ಲಿರುವುದು ಯೌವನದ ಮುಖ. ಆದರೂ ಹೆಸರನ್ನು ಹನ್ನೆರಡಾಣೆ ಒಪ್ಪುತ್ತೇನೆ.

ದೊಡ್ಡಪ್ಪ: ಉಳಿದ ನಾಲ್ಕಾಣೆ ಯಾರ ಹತ್ತಿರ ಇದೆ?

ರಘು ಚಿಕ್ಕಪ್ಪ: ಚರ್ಚಿನ ಬ್ಯಾಪ್ಟಿಸಂ ಪುಸ್ತಕದಲ್ಲಿ. ಸ್ವಾತಿ, ಮೊದಲು ಪ್ಯಾಟ್ರಿಕ್‌ನ ಜನನ ದಾಖಲೆ ತೆಗೆ. 1864ರ ನಂತರದ್ದು, ಇರಲೇಬೇಕು. ಅದರಲ್ಲಿ ತಾಯಿಯ ತವರಿನ ಹೆಸರು ಸಿಗುತ್ತದೆ. ಆ ಹೆಸರು ಹಿಡಿದು ಚರ್ಚ್ ಪುಸ್ತಕಕ್ಕೆ ಹೋಗು. ಸುಮ್ನೆ ‘ಬ್ರಿಜೆಟ್’ ಅಂತ ಹುಡುಕಿದರೆ ನೂರು ಜನ ಎದ್ದು ಬರುತ್ತಾರೆ.

ನಾನು: ನ್ಯಾಷನಲ್ ಲೈಬ್ರರಿ 2015ರಲ್ಲಿ ಕ್ಯಾಥೊಲಿಕ್ ಚರ್ಚ್ ಪುಸ್ತಕಗಳನ್ನೆಲ್ಲ ಆನ್‌ಲೈನ್ ಹಾಕಿದೆ. ಅಕ್ಷರ ಮಾತ್ರ ಚಿಕ್ಕಪ್ಪನ ಸಹಿಗಿಂತ ಕೆಟ್ಟದಾಗಿದೆ. ಫ್ರೇಮ್ ಅಂಗಡಿಯವರಿಗೆ ಇವತ್ತು ಸಂಜೆ ಐದರೊಳಗೆ ಬರಹ ಕಳಿಸಬೇಕು. ಹೀಗೆ ಬರೆಯುತ್ತೇನೆ: ‘ಬ್ರಿಜೆಟ್ ಮತ್ತು ಪ್ಯಾಟ್ರಿಕ್ (?), ಲಾರೆನ್ಸ್ ಸ್ಟುಡಿಯೋ, ಡಬ್ಲಿನ್, 1870ರ ದಶಕ.’ ಮಂಜು, ಬಣ್ಣ ಇಲ್ಲದ ಪ್ರತಿ ಕಳಿಸು. ಮಚ್ಚೆ ಇರಲಿ.

ದೊಡ್ಡಪ್ಪ: ಎಂಬತ್ತನೇ ಹುಟ್ಟುಹಬ್ಬಕ್ಕೆ ಪ್ರಶ್ನಾರ್ಥಕ ಚಿಹ್ನೆ ಉಡುಗೊರೆ ಕೊಡುತ್ತೀಯಾ? ತೆಗೆ ಅದನ್ನು.

ರಘು ಚಿಕ್ಕಪ್ಪ: ಬ್ರಿಜೆಟ್ ಪಕ್ಕದಲ್ಲೂ ಒಂದು ಹಾಕಮ್ಮ, ಚಿಕ್ಕದು.

ದೊಡ್ಡಪ್ಪ: ಹಾಗಾದರೆ ನಿನ್ನ ಮೊಗ್ಗಿನ ಜಡೆ ಫೋಟೋ ಕೆಳಗೂ ಹಾಕಿಸೋಣ. ‘ರಘು (?)’.

ರಘು ಚಿಕ್ಕಪ್ಪ: ಅದಕ್ಕೆ ಸಾಕ್ಷಿ ಸರೋಜಕ್ಕ ಇದ್ದಾರೆ. ಪಕ್ಕದಲ್ಲೇ ನಿಂತಿದ್ದರು. ಪ್ಯಾಟ್ರಿಕ್‌ಗೆ ಯಾರಿದ್ದಾರೆ ಹೇಳು ಅಣ್ಣ?

ಸರೋಜತ್ತೆ: ನಾನು ಯಾವ ಕೋರ್ಟಿಗೂ ಬರುವುದಿಲ್ಲ.

ದೊಡ್ಡಪ್ಪ ಈ ಗುಂಪಿನ ಸೆಟ್ಟಿಂಗ್ ಬದಲಾಯಿಸಿದ್ದಾರೆ. ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು.