ದ್ವೀಪದ ಸಿನಿಮಾ ಬಗ್ಗೆ ನನ್ನ ಮಾತು, ಸ್ವಲ್ಪ ಉದ್ದ ಇದೆ

ಎಲ್ರಿಗೂ ನಮಸ್ಕಾರ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ ಅಂತ ವಾಯ್ಸ್ ಕಳಿಸ್ತಿದೀನಿ. ಉದ್ದ ಆಗತ್ತೆ, ಬಿಡುವಾದಾಗ ಕೇಳಿ. ನಿನ್ನೆಯಿಂದ ಗ್ರೂಪ್‌ನಲ್ಲಿ ‘ದಿ ಬೀಚ್’ ಸಿನಿಮಾ ಬಗ್ಗೆ ನಡೀತಿರೋ ಮಾತೆಲ್ಲ ಓದಿದೆ. ಚಿಕ್ಕಪ್ಪ, ನೀವು ಶಾರ್ಕ್ ಬಂದು ರಕ್ತ ಕಂಡಿದ್ದೇ ಟಿವಿ ಆಫ್ ಮಾಡ್ದೆ ಅಂದ್ರಿ. ಅಕ್ಕ, ಕಥೆ ಏನಾದ್ರೂ ಆಗ್ಲಿ, ಆ ನೀರಿನ ಬಣ್ಣ ಒಂದಕ್ಕೇ ನೋಡಬಹುದು ಅಂದೆ. ಭಾವ, ನಿಮಗೆ ಅದರಲ್ಲಿರೋ ಒಬ್ಬ ಮನುಷ್ಯನೂ ಇಷ್ಟ ಆಗಲಿಲ್ಲ, ಎಲ್ಲ ಸ್ವಾರ್ಥಿಗಳು ಅಂದ್ರಿ. ಪುಟ್ಟಿ ಅಂತೂ ಆ ಜಾಗಕ್ಕೆ ಹೋಗಲೇಬೇಕು ಅಂತ ಹೊರಟಿದಾಳೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇದು ನೋಡಬೇಕಾದ ಸಿನಿಮಾ, ಆದ್ರೆ ಚೆನ್ನಾಗಿ ಮಾಡಿದ ಸಿನಿಮಾ ಅಲ್ಲ. ಅದರ ಹೊಟ್ಟೆಯಲ್ಲಿ ಒಂದು ಭಾಗ ಇದೆ. ಸಿನಿಮಾದ ಜೀವ ಇರೋದೇ ಅಲ್ಲಿ. ನಿನ್ನೆಯಿಂದ ಒಬ್ರೂ ಅದರ ಮಾತೇ ಎತ್ತಲಿಲ್ಲ, ಅದಕ್ಕೇ ಇಷ್ಟು ಮಾತಾಡೋಕೆ ಕೂತಿದೀನಿ.

ಅತ್ತೆ ಇನ್ನೂ ನೋಡಿಲ್ಲ ಅಂದ್ರಲ್ಲ, ಅವರಿಗೋಸ್ಕರ ಎರಡು ಮಾತಲ್ಲಿ ಕಥೆ. ರಿಚರ್ಡ್ ಅಂತ ಅಮೆರಿಕದ ಹುಡುಗ, ಲಿಯೊನಾರ್ಡೊ ಡಿಕಾಪ್ರಿಯೊ ಮಾಡಿರೋ ಪಾತ್ರ. ಬ್ಯಾಂಕಾಕ್‌ನ ಖಾವೊ ಸಾನ್ ರಸ್ತೆಯ ಅಗ್ಗದ ಲಾಡ್ಜ್‌ನಲ್ಲಿ ಇಳ್ಕೊಂಡಿರ್ತಾನೆ. ಪಕ್ಕದ ರೂಮಿನ ಡ್ಯಾಫಿ ಅನ್ನೋ ಅರೆಹುಚ್ಚ ಅವನಿಗೆ ಒಂದು ಗುಟ್ಟಿನ ದ್ವೀಪದ ನಕ್ಷೆ ಕೊಟ್ಟು ಪ್ರಾಣ ಕಳ್ಕೊತಾನೆ. ರಿಚರ್ಡ್ ಒಂದು ಫ್ರೆಂಚ್ ಜೋಡಿ ಜೊತೆ ಸಮುದ್ರ ಈಜಿ ಅಲ್ಲಿಗೆ ಹೋಗ್ತಾನೆ. ದ್ವೀಪದ ಒಂದು ಕಡೆ ಬಂದೂಕು ಹಿಡಿದು ಗಾಂಜಾ ಬೆಳೆಯೋರು, ಇನ್ನೊಂದು ಕಡೆ ಸ್ಯಾಲ್ ಅನ್ನೋ ಹೆಂಗಸಿನ ಹಿಡಿತದಲ್ಲಿ ಒಂದು ಪುಟ್ಟ ಗುಂಪು. ಮೀನು ಹಿಡೀತಾರೆ, ತೋಟ ಮಾಡ್ತಾರೆ, ಆಡ್ಕೊಂಡಿರ್ತಾರೆ. ಷರತ್ತು ಒಂದೇ, ಈ ಜಾಗದ ವಿಷಯ ಹೊರಗಿನ ಒಬ್ಬರಿಗೂ ಗೊತ್ತಾಗಬಾರದು. ಅತ್ತೆ, ಮುಂದಿನ ಕಥೆ ಗೊತ್ತಾಗೋದು ಬೇಡ ಅಂದ್ರೆ ಇಲ್ಲೇ ನಿಲ್ಲಿಸಿ, ಸಿನಿಮಾ ನೋಡ್ಕೊಂಡು ಬಂದು ಉಳಿದಿದ್ದು ಕೇಳಿ.

ಈಗ ಆ ಭಾಗಕ್ಕೆ ಬರ್ತೀನಿ. ಗುಂಪಲ್ಲಿ ಮೀನು ಹಿಡಿಯೋ ಸ್ವೀಡನ್ ಹುಡುಗರ ಮೇಲೆ ಶಾರ್ಕ್ ಬೀಳತ್ತೆ. ಒಬ್ಬ ಸಾಯ್ತಾನೆ. ಇನ್ನೊಬ್ಬ ಕ್ರಿಸ್ಟೊ ಅಂತ, ಕಾಲು ಹರಿದುಹೋಗಿ ಬದುಕಿ ಉಳೀತಾನೆ. ಸತ್ತವನಿಗೆ ಎಲ್ರೂ ಸೇರಿ ಅಳ್ತಾರೆ, ಹೂಳ್ತಾರೆ. ಬದುಕಿದವನ್ನ ಏನು ಮಾಡ್ಬೇಕು ಅನ್ನೋದೇ ಅವರಿಗೆ ಗೊತ್ತಾಗಲ್ಲ. ಡಾಕ್ಟರನ್ನ ಕರೆಸಿದ್ರೆ ಗುಟ್ಟು ರಟ್ಟಾಗತ್ತೆ. ಬೇಕಾದ್ರೆ ನಿನ್ನನ್ನೇ ಹೊರಗೆ ಕರ್ಕೊಂಡು ಹೋಗ್ತೀವಿ ಅಂತಾರೆ, ಅವನಿಗೆ ಇನ್ನು ನೀರಂದ್ರೇ ಪ್ರಾಣಭಯ. ಕಾಲು ಕೊಳೆಯೋಕೆ ಶುರುವಾಗತ್ತೆ. ಅವನು ಹಗಲೂ ರಾತ್ರಿ ನರಳ್ತಾನೆ. ಇವರು ಪಕ್ಕದಲ್ಲೇ ಊಟ ಮಾಡ್ಬೇಕು, ಆಟ ಆಡ್ಬೇಕು, ನಿದ್ದೆ ಮಾಡ್ಬೇಕು. ಕೊನೆಗೆ ಏನ್ ಮಾಡ್ತಾರೆ ಗೊತ್ತಾ? ಅವನನ್ನ ಹೊತ್ಕೊಂಡು ಹೋಗಿ ಕಾಡೊಳಗೆ ಒಂದು ಟೆಂಟಿನಲ್ಲಿ ಮಲಗಿಸಿ ಬರ್ತಾರೆ. ನರಳೋದು ಕೇಳಿಸದಷ್ಟು ದೂರಕ್ಕೆ. ವಾಪಸ್ ಬಂದು ಮತ್ತೆ ನಗ್ತಾ ಆಡ್ತಾರೆ, ನೋಡಿ, ಅದೇ ಮರಳಲ್ಲಿ. ಎಟಿಯೆನ್ ಅನ್ನೋ ಫ್ರೆಂಚ್ ಹುಡುಗ ಒಬ್ಬ ಮಾತ್ರ ಟೆಂಟ್ ಬಿಟ್ಟು ಕದಲಲ್ಲ. ಭಾವ, ಒಬ್ಬ ಮನುಷ್ಯನೂ ಇಷ್ಟ ಆಗಲಿಲ್ಲ ಅಂದ್ರಲ್ಲ, ಎಟಿಯೆನ್‌ನ ಇನ್ನೊಂದ್ಸಲ ಗಮನ ಇಟ್ಟು ನೋಡಿ. ಪ್ರೀತಿಸಿದ ಹುಡುಗಿ ರಿಚರ್ಡ್ ಕಡೆ ಹೋದಾಗ ಕೂಡ ಅವನು ಹೊಡೆದಾಡಲ್ಲ, ಕೈ ಎತ್ತಲ್ಲ. ಇಡೀ ಗುಂಪಿನಲ್ಲಿ ಮನುಷ್ಯ ಅನ್ನಿಸ್ಕೊಳ್ಳೋ ಹಾಗೆ ಉಳಿಯೋನು ಅವನೇ.

ಚಿಕ್ಕಪ್ಪ, ನೀವು ಟಿವಿ ಆಫ್ ಮಾಡಿದ್ದು ಇದಕ್ಕೆ ಸ್ವಲ್ಪ ಮುಂಚೆ. ರಕ್ತಕ್ಕೆ ಅಂಜಿ ಬಿಟ್ರಿ, ಆದ್ರೆ ರಕ್ತ ಅಲ್ಲಿಗೆ ಹೆಚ್ಚುಕಮ್ಮಿ ಮುಗೀತು. ಆಮೇಲೆ ಬರೋದು ರಕ್ತಕ್ಕಿಂತ ಸಂಕಟದ್ದು. ಅವರ್ಯಾರೂ ಕೆಟ್ಟವರಲ್ಲ. ಎಲ್ರೂ ನಗುನಗ್ತಾ ಇರೋ, ಹಾಡೋ, ಹಂಚ್ಕೊಂಡು ತಿನ್ನೋ ಹುಡುಗ್ರು ಹುಡುಗೀರು. ಸುಖಕ್ಕೆ ಅಡ್ಡ ಬಂದ ಅಂತ ಒಬ್ಬ ಜೊತೆಗಾರನನ್ನ ಕಣ್ಮರೆ ಮಾಡಿಬಿಡೋದು ಅವರಿಗೆ ಎಷ್ಟು ಸಲೀಸಾಗಿ ಬಂತು ಅನ್ನೋದನ್ನ ನನಗೆ ಮರೆಯೋಕಾಗಲ್ಲ.

ಇನ್ನೊಂದು ಸಣ್ಣ ದೃಶ್ಯ ಇದೆ, ಬೇಗ ಬಂದು ಹೋಗತ್ತೆ. ಅಕ್ಕಿ ಮುಗಿದಿದೆ ಅಂತ ಸ್ಯಾಲ್, ರಿಚರ್ಡ್ ಇಬ್ರೂ ಕೊ ಫಂಗಾನ್ ಅನ್ನೋ ಇನ್ನೊಂದು ದ್ವೀಪಕ್ಕೆ ಹೊರಡ್ತಾರೆ. ಜಗತ್ತೇ ಬೇಡ ಅಂತ ಬಿಟ್ಟು ಬಂದಿರೋ ಇಷ್ಟೂ ಜನ ಮುತ್ಕೊಂಡು ನನಗೆ ಅದು ತಾ, ನನಗೆ ಇದು ತಾ ಅಂತ ಪಟ್ಟಿ ಹೇಳೋಕೆ ಶುರು ಮಾಡ್ತಾರೆ. ಬಿಟ್ಟು ಬಂದಿದ್ದೆಲ್ಲ ಬೇಕೇ ಬೇಕು ಅವರಿಗೆ. ಹೊರಗಿನ ಜನ ಮಾತ್ರ ಬೇಡ. ನಿರ್ದೇಶಕ ಇಂಥದ್ದನ್ನೇ ಇನ್ನಷ್ಟು ತೋರಿಸಿದ್ದಿದ್ರೆ ಎಷ್ಟು ಒಳ್ಳೆ ಸಿನಿಮಾ ಆಗ್ತಿತ್ತು!

ಕೆಟ್ಟಿದ್ದು ಎಲ್ಲಿ? ಅಷ್ಟು ಗಟ್ಟಿ ವಿಷಯ ಕೈಯಲ್ಲಿದ್ರೂ ಸಿನಿಮಾ ಒಂದು ಕಡೆ ನಿಲ್ಲಲ್ಲ. ಮೊದಲು ಪ್ರೇಮಕಥೆ, ಆಮೇಲೆ ಸಾಹಸ, ಆಮೇಲೆ ರಿಚರ್ಡ್ ಕಾಡಲ್ಲಿ ಒಬ್ಬನೇ ಅಲೀತಾ ಹುಚ್ಚನ ಥರ ಆಡೋದು. ಅಲ್ಲಿ ಇದ್ದಕ್ಕಿದ್ದಂತೆ ಪರದೆ ಪೂರ್ತಿ ವಿಡಿಯೊ ಗೇಮ್ ಥರ ಆಗಿಬಿಡತ್ತೆ. ಅವನ ತಲೆ ಒಳಗೆ ಏನಾಗ್ತಿದೆ ಅಂತ ತೋರಿಸೋಕೆ ಹೊರಟಿದ್ದು ಅರ್ಥ ಆಗತ್ತೆ. ಆದ್ರೆ ಟೆಂಟಿನಲ್ಲಿ ಒಬ್ಬ ಸಾಯ್ತಾ ಮಲಗಿರೋವಾಗ ನನ್ನನ್ನ ಅಲ್ಲಿಂದ ಎಳ್ಕೊಂಡು ಹೋಗಿ ಆ ಆಟ ತೋರಿಸಿದ್ದು ನನಗೆ ಸಹಿಸೋಕಾಗಲಿಲ್ಲ. ಆ ಫ್ರೆಂಚ್ ಹುಡುಗಿ ಜೊತೆ ಪ್ರೇಮ ಅನ್ನೋದೂ ಸಿನಿಮಾದೋರು ತಂದು ಹಾಕಿದ್ದು. ಅಲೆಕ್ಸ್ ಗಾರ್ಲಂಡ್ 1996ರಲ್ಲಿ ಬರೆದ ಕಾದಂಬರಿಯಿಂದ ತೆಗೆದ ಕಥೆ ಇದು. ಅದರಲ್ಲಿ ರಿಚರ್ಡ್ ಇಂಗ್ಲೆಂಡಿನ ಹುಡುಗ, ಅವಳ ಮೇಲೆ ಆಸೆ ಇದ್ರೂ ಅದು ಮನಸ್ಸಲ್ಲೇ ಉಳಿಯತ್ತೆ. ಕಾದಂಬರಿಯ ಕೊನೆಯೂ ಸಿನಿಮಾದಷ್ಟು ಮೆತ್ತಗಿಲ್ಲ, ತುಂಬ ಕ್ರೂರವಾಗಿದೆ.

ಪ್ರೇಮಕಥೆ ಯಾಕೆ ಬಂತು ಅಂತ ಊಹಿಸೋದು ಕಷ್ಟ ಅಲ್ಲ. 1997ರಲ್ಲಿ ‘ಟೈಟಾನಿಕ್’ ಬಂದಿತ್ತು, ಡಿಕಾಪ್ರಿಯೊ ಅಂದ್ರೆ ಜಗತ್ತೇ ಹುಚ್ಚೆದ್ದಿತ್ತು. 2000ನೇ ಇಸವಿ ಫೆಬ್ರವರಿಯಲ್ಲಿ ‘ದಿ ಬೀಚ್’ ಬಿಡುಗಡೆ ಆದಾಗ ಜನ ಅದೇ ಪ್ರೇಮಿಯನ್ನ ನೋಡೋಕೆ ಹೋದ್ರು. ಅವನು ಇಲ್ಲಿ ಸುಳ್ಳು ಹೇಳ್ತಾನೆ, ಸ್ನೇಹಿತನಿಗೆ ಮೋಸ ಮಾಡ್ತಾನೆ. ಗುಟ್ಟಿನ ನಕ್ಷೆಯನ್ನ ನಕಲು ಮಾಡಿ ಬೇರೆಯವರಿಗೆ ಕೊಟ್ಟಿದ್ದೂ ಅವನೇ, ಅದರಿಂದ ಆ ಪಾಪದ ಹುಡುಗ್ರ ಪ್ರಾಣ ಹೋಗತ್ತೆ. ವಿಮರ್ಶಕರಲ್ಲಿ ಬಹಳಷ್ಟು ಜನ ಬೈದ್ರು. ವರ್ಷದ ಅತಿ ಕೆಟ್ಟ ನಟ ಅಂತ ಕೊಡೋ ರ‍್ಯಾಜಿ ಪಟ್ಟಿಗೂ ಡಿಕಾಪ್ರಿಯೊ ಹೆಸರು ಹೋಯ್ತು. ಅದು ಅನ್ಯಾಯ ಅಂತಲೇ ನನ್ನ ಭಾವನೆ. ಇಷ್ಟ ಆಗಬಾರದ ಹುಡುಗನನ್ನ ಇಷ್ಟ ಆಗದ ಹಾಗೇ ಮಾಡಿದಾನೆ, ಅದರಲ್ಲಿ ತಪ್ಪೇನಿದೆ? ದುಡ್ಡಿನ ವಿಷಯಕ್ಕೆ ಬಂದ್ರೆ ಸುಮಾರು 5 ಕೋಟಿ ಡಾಲರ್ ಹಾಕಿ 14 ಕೋಟಿಗೂ ಹೆಚ್ಚು ಬಾಚ್ಕೊಂಡ್ರು, ಆದ್ರಿಂದ ಸೋತ ಸಿನಿಮಾ ಅಂತ ಹೇಳೋಕೂ ಆಗಲ್ಲ. ಈ ಪಾತ್ರ ಮೊದಲು ಇವಾನ್ ಮೆಕ್‌ಗ್ರೆಗರ್‌ಗೆ ಸಿಗೋದಿತ್ತು. ನಿರ್ದೇಶಕ ಡ್ಯಾನಿ ಬಾಯ್ಲ್‌ನ ಹಿಂದಿನ ಮೂರೂ ಸಿನಿಮಾದಲ್ಲಿ ಅವನಿದ್ದ. ದೊಡ್ಡ ಹೆಸರು ಬೇಕು ಅಂತ ಅವನನ್ನ ಬಿಟ್ರು, ಇಬ್ರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಆ ನಟ ಮಾಡಿದ್ದಿದ್ರೆ ಹೇಗಿರ್ತಿತ್ತು ಅಂತ ನಾನು ಎಷ್ಟೋ ಸಲ ಯೋಚನೆ ಮಾಡ್ತೀನಿ.

ನಟರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಯಾಲ್ ಪಾತ್ರದ ಟಿಲ್ಡಾ ಸ್ವಿಂಟನ್. ಒಂದ್ಸಲಾನೂ ದನಿ ಎತ್ತಿ ಗದರೋ ಅಗತ್ಯ ಬರಲ್ಲ ಅವಳಿಗೆ. ಕೊನೆಗೆ ಗಾಂಜಾದೋರು ಎಲ್ರನ್ನೂ ಸಾಲಾಗಿ ಕೂರಿಸಿ, ನೀನು ಇಲ್ಲೇ ಇರ್ಬೇಕಾದ್ರೆ ಇವನನ್ನ ಕೊಲ್ಲು ಅಂತ ಅವಳ ಕೈಗೆ ಬಂದೂಕು ಕೊಡ್ತಾರಲ್ಲ, ಆಗ ಅವಳ ಮುಖ ನೋಡಿ. ಅವಳು ಬಂದೂಕಿನ ಕುದುರೆ ಎಳೆದೇಬಿಡ್ತಾಳೆ. ಗುಂಡು ಇರಲಿಲ್ಲ, ರಿಚರ್ಡ್ ಬದುಕಿದ. ಆದ್ರೆ ಅವಳು ಎಳೆದಿದ್ದನ್ನ ಉಳಿದವರೆಲ್ಲ ಕಣ್ಣಾರೆ ಕಂಡ್ರು. ಟೆಂಟಿಗೆ ಹೊತ್ಕೊಂಡು ಹೋಗಿ ಹಾಕೋವಾಗ ಇಲ್ಲದ ನಾಚಿಕೆ ಆಗ ಬಂತು ಅವರಿಗೆ. ಎದ್ದು ಹೊರಟ್ರು.

ಈಗ ಅಕ್ಕನ ನೀರಿನ ಬಣ್ಣಕ್ಕೆ ಬರ್ತೀನಿ. ಅಕ್ಕ, ಆ ಬಣ್ಣ ಸುಳ್ಳಲ್ಲ. ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದಲ್ಲಿ ಫಿ ಫಿ ಲೇ ಅಂತ ದ್ವೀಪ ಇದೆ, ಅದರಲ್ಲಿರೋ ಮಾಯಾ ಕೊಲ್ಲಿ ಅದು. ಸುತ್ತ ಸುಣ್ಣಕಲ್ಲಿನ ಗೋಡೆ. ಸಿನಿಮಾದಲ್ಲಿ ನಾಲ್ಕೂ ಕಡೆ ಮುಚ್ಚಿದ ಹಾಗೆ ಕಾಣತ್ತಲ್ಲ, ನಿಜವಾಗಿ ಒಂದು ಕಡೆ ಸಮುದ್ರಕ್ಕೆ ಬಾಯಿ ತೆರ್ಕೊಂಡಿದೆ. ಗುಟ್ಟಾಗಿರ್ಲಿ ಅಂತ ಕಂಪ್ಯೂಟರಿನಲ್ಲಿ ಬಂಡೆ ಸೇರಿಸಿ ಮುಚ್ಚಿದಾರೆ. ಅವರು ಹಾರೋ ಜಲಪಾತವೂ ಅಲ್ಲಿಲ್ಲ, ಅದು ಖಾವೊ ಯಾಯ್ ಅನ್ನೋ ರಾಷ್ಟ್ರೀಯ ಉದ್ಯಾನದ್ದು, ಕಡಲಿಂದ ಬಲು ದೂರ. ಇದೆಲ್ಲ ಸಿನಿಮಾದಲ್ಲಿ ನಡೆಯೋದೇ, ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರೋದು ಮರಳಿನ ವಿಷಯದಲ್ಲಿ. ಮಾಯಾ ಕೊಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ. 1999ರಲ್ಲಿ ಚಿತ್ರೀಕರಣಕ್ಕೆ ಬಂದವರಿಗೆ ಆ ದಡ ಇದ್ದ ಹಾಗೆ ಸಾಕಾಗಲಿಲ್ಲ. ಮರಳದಿಬ್ಬಗಳನ್ನ ಬುಲ್ಡೋಜರಿನಲ್ಲಿ ಸಮ ಮಾಡಿದ್ರು. ಅಲ್ಲಿ ತಾನಾಗಿ ಬೆಳೆದಿದ್ದ ಎಕ್ಕದಂಥ ಗಿಡಗಳನ್ನ, ದಡದ ಲಿಲ್ಲಿಗಳನ್ನ ಕಿತ್ತು ಹಾಕಿ ತೆಂಗಿನ ಗಿಡ ತಂದು ನೆಟ್ರು. ನಾಡುನಾಡಿನ ಜನಕ್ಕೆ ಸ್ವರ್ಗ ಅಂದ್ರೆ ತೆಂಗಿನ ಮರ ಇರ್ಬೇಕಲ್ಲ! ಕಿತ್ತ ಗಿಡಗಳ ಬೇರೇ ಆ ಮರಳನ್ನ ಹಿಡಿದಿಟ್ಟಿತ್ತು. ಮಳೆಗಾಲದ ಅಲೆ ಬಂದಾಗ ದಿಬ್ಬ ಕೊಚ್ಚಿ ಹೋಯ್ತು ಅಂತ ಅಲ್ಲಿನ ಜನ ಕೂಗಾಡಿದ್ರು, ಕೋರ್ಟಿಗೂ ಹೋದ್ರು. ಸಿನಿಮಾ ಕಂಪನಿಯೋರು ನಾವು ಟನ್‌ಗಟ್ಟಲೆ ಕಸ ತೆಗೆದು ಜಾಗ ಚೊಕ್ಕ ಮಾಡಿಕೊಟ್ಟಿದೀವಿ ಅಂದ್ರು. 2006ರಲ್ಲಿ ಥಾಯ್ಲೆಂಡಿನ ಸುಪ್ರೀಂ ಕೋರ್ಟು ಚಿತ್ರೀಕರಣದಿಂದ ಹಾನಿ ಆಗಿದ್ದು ನಿಜ ಅಂತ ಹೇಳ್ತು. ಪೂರ್ತಿ ಇತ್ಯರ್ಥ ಆಗೋ ಹೊತ್ತಿಗೆ 2022 ಬಂತು. ದಡ ಸರಿಪಡಿಸೋಕೆ ಕಂಪನಿ ಥಾಯ್ಲೆಂಡಿನ ದುಡ್ಡಲ್ಲಿ 1 ಕೋಟಿ ಬಾತ್ ಕೊಡೋಕೆ ಒಪ್ಕೊಂಡಿತ್ತು. ಸಿನಿಮಾ ನೋಡಿ ಬೆಳೆದ ಮಕ್ಕಳಿಗೆ ಮಕ್ಕಳಾಗೋವಷ್ಟು ಕಾಲ ಅದು.

ಅಷ್ಟರಲ್ಲಿ ಜನ ಮುಗಿಬಿದ್ದಿದ್ರು. ಆ ಮರಳು ಇರೋದೇ ಸುಮಾರು 250 ಮೀಟರ್ ಉದ್ದ. ಅದರ ಮೇಲೆ ದಿನಕ್ಕೆ 5,000 ಜನ ಬಂದು ಇಳೀತಿದ್ರು. ದೋಣಿಗಳೆಲ್ಲ ನೇರ ಕೊಲ್ಲಿ ಒಳಗೇ ಬಂದು ಲಂಗರು ಹಾಕೋವು, ಲಂಗರು ಬಿದ್ದಲ್ಲಿ ಹವಳ ಮುರಿಯೋದು. ಕೊನೆಗೆ 2018ರ ಜೂನ್‌ನಲ್ಲಿ ಬೀಗ ಹಾಕಿದ್ರು. ನಾಲ್ಕು ತಿಂಗಳು ಅಂತ ಶುರುವಾಗಿದ್ದು ಮೂರೂವರೆ ವರ್ಷ ಆಯ್ತು. ಹವಳದ ತುಂಡುಗಳನ್ನ ಕೈಯಾರೆ ನೆಟ್ಟು ಬೆಳೆಸಿದ್ರು.

ಆ ಸಮಯದಲ್ಲಿ ಕೊಲ್ಲಿಗೆ ವಾಪಸ್ ಬಂದಿದ್ದು ಯಾರು ಗೊತ್ತಾ ಚಿಕ್ಕಪ್ಪ? ಶಾರ್ಕ್‌ಗಳು. ರೆಕ್ಕೆಯ ತುದಿ ಕಪ್ಪಗಿರೋ ಹವಳದಿಬ್ಬದ ಶಾರ್ಕ್, ನಾಚಿಕೆ ಸ್ವಭಾವದ ಪ್ರಾಣಿ, ಮನುಷ್ಯ ಕಂಡ್ರೆ ಸರ್‍ಕೊಂಡು ಹೋಗತ್ತೆ. ಆ ಕೊಲ್ಲಿಯ ಆಳ ಇಲ್ಲದ ನೀರಲ್ಲೇ ಅದರ ಮರಿಗಳು ಬೆಳೆಯೋದು. ಗದ್ದಲಕ್ಕೆ ಹೆದರಿ ಜಾಗ ಬಿಟ್ಟಿದ್ವು, ಗದ್ದಲ ನಿಂತ ಮೇಲೆ ಮರಳಿ ಬಂದ್ವು. ಸಿನಿಮಾದಲ್ಲಿ ಸ್ವರ್ಗ ಕೆಡಿಸೋಕೆ ಬರೋದು ಶಾರ್ಕ್. ರಿಚರ್ಡ್ ಒಂದು ಮರಿಶಾರ್ಕ್ ಕೊಂದು ಬಂದಾಗ ಎಲ್ರೂ ಅವನನ್ನ ವೀರ ಅಂತ ಕೊಂಡಾಡ್ತಾರೆ. ಅದೇ ನೀರಲ್ಲಿ ಇವತ್ತು ಶಾರ್ಕ್ ಕಂಡ್ರೆ ಜಾಗ ಚೇತರಿಸ್ಕೊಂಡಿದೆ ಅಂತ ಲೆಕ್ಕ. ಈ ಒಂದು ವಿಷಯ ಗೊತ್ತಾದ ಮೇಲೆ ಆ ದೃಶ್ಯ ನನಗೆ ಮೊದಲಿನ ಹಾಗೆ ನೋಡೋಕಾಗಲ್ಲ.

ಪುಟ್ಟಿ, ಹೋಗ್ಬೇಡ ಅಂತ ನಾನು ಹೇಳಲ್ಲ ಕಣೇ, ಹೋಗು. 2022ರ ಜನವರಿ 1ಕ್ಕೆ ಮತ್ತೆ ತೆರೆದಿದಾರೆ. ಆದ್ರೆ ಸಿನಿಮಾದ ಹಾಗೆ ಧುಮುಕಿ ಈಜಬಹುದು ಅಂತ ಅಂದ್ಕೋಬೇಡ. ಮರಳಲ್ಲಿ ನಿಂತು ನೋಡಬಹುದು, ಕಾಲು ನೆನೆಸ್ಕೊಬಹುದು, ಈಜೋಕೆ ಬಿಡಲ್ಲ. ದೋಣಿ ಈಗ ಕೊಲ್ಲಿ ಒಳಗೆ ಬರಲ್ಲ, ದ್ವೀಪದ ಬೆನ್ನ ಕಡೆ ಲೋ ಸಾಮಾ ಅನ್ನೋ ಇನ್ನೊಂದು ಕೊಲ್ಲಿ ಇದೆ, ಅಲ್ಲಿ ಇಳಿಸ್ತಾರೆ. ಅಲ್ಲಿಂದ ಕಾಲುದಾರಿಯಲ್ಲಿ ನಡ್ಕೊಂಡು ಬರ್ಬೇಕು. ಒಂದು ಹೊತ್ತಿಗೆ ಇಷ್ಟೇ ಜನ ಅಂತ ಮಿತಿ ಇಟ್ಟಿದಾರೆ, ಮತ್ತೆ ತೆರೆದಾಗ 375 ಇತ್ತು. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಪ್ರತಿ ವರ್ಷ ಮುಚ್ಚಿರ್ತಾರೆ, ನೀನು ರಜ ಹಾಕೋ ಯೋಚನೆಯಲ್ಲಿರೋದು ಸರಿಯಾಗಿ ಆ ಹೊತ್ತಲ್ಲೇ. ತಾರೀಕು ಬದಲಾಯಿಸು. ದೋಣಿಯವರ ಹತ್ರ ಮಾತಾಡೋವಾಗ ಲೋ ಸಾಮಾದಲ್ಲಿ ಇಳಿಸ್ತೀರಾ, ಉದ್ಯಾನದ ಟಿಕೆಟ್ ಸೇರಿದೆಯಾ ಅಂತ ಎರಡೂ ಕೇಳು. ನೇರ ಒಳಗೇ ಬಿಡ್ತೀವಿ ಅಂತ ಯಾರಾದ್ರೂ ಅಂದ್ರೆ ಅವರ ದೋಣಿ ಹತ್ತಬೇಡ. ಹೊರಡೋ ಮುಂಚೆ ಫೋನ್ ಮಾಡು, ಉಳಿದಿದ್ದು ಆಗ ಮಾತಾಡೋಣ.