ಮುಂದಿನ ಕ್ಯಾಮೆರಾ ಯಾವ ಕಂಪನಿಯದ್ದಾಗಿರಬೇಕು? ತುಮಕೂರಿನಿಂದ ಒಂದು ಪ್ರಶ್ನೆ

ಪ್ರಶ್ನೆ: ದುರ್ಗದ ದಾರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಛಾಯಾಗ್ರಹಣ ನನಗೆ ಹವ್ಯಾಸವೇ ಹೊರತು ಉದ್ಯೋಗವಲ್ಲ. ಸದ್ಯ ನನ್ನ ಬಳಿ ನಿಕಾನ್ ಡಿ3500 ಬಾಡಿ, ಅದರೊಂದಿಗೇ ಬಂದ 18-55 ಮಿ.ಮೀ. ಲೆನ್ಸ್ ಮತ್ತು 70-300 ಮಿ.ಮೀ. ಎಎಫ್-ಪಿ ಲೆನ್ಸ್ ಇವೆ. ಆರಂಭದಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ತೆಗೆಯುತ್ತಿದ್ದವನಿಗೆ ಈಚೆಗೆ ಹಕ್ಕಿ ಮತ್ತು ಪ್ರಾಣಿಗಳ ಮೇಲೆ ಆಸಕ್ತಿ ನೆಲೆ ನಿಂತಿದೆ. ರಜೆ ಸಿಕ್ಕಾಗಲೆಲ್ಲ ದೇವರಾಯನದುರ್ಗದ ಕಾಡು, ಶಿರಾ ತಾಲ್ಲೂಕಿನ ಕಗ್ಗಲಡು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಈ ಮೂರರಲ್ಲಿ ಒಂದಕ್ಕೆ ಹೋಗುತ್ತೇನೆ.

ಎರಡು ಕೊರತೆಗಳು ನನ್ನನ್ನು ಕಾಡುತ್ತಿವೆ. ಮೈದನಹಳ್ಳಿಯಲ್ಲಿ ಕೃಷ್ಣಮೃಗ ನನ್ನ 300 ಮಿ.ಮೀ. ಲೆನ್ಸಿಗೆ ಚೌಕಟ್ಟಿನ ನಡುವೆ ಚುಕ್ಕಿಯಷ್ಟೇ ಕಾಣುತ್ತದೆ. ಕಗ್ಗಲಡುವಿನಲ್ಲಿ ಕೊಕ್ಕರೆ ಹಾರುತ್ತಾ ಬರುವಾಗ ಫೋಕಸ್ ಹಿಂದಿನ ಕೊಂಬೆಗೆ ಹೋಗಿ ಕೂರುತ್ತದೆ. ಒಂದೂಕಾಲು ಲಕ್ಷ ರೂಪಾಯಿಯವರೆಗೆ ಖರ್ಚು ಮಾಡುವ ಸಿದ್ಧತೆಯಿದೆ. ಆದರೆ ಅಂಗಡಿಯವರು ಕ್ಯಾನನ್ ತೆಗೆದುಕೊಳ್ಳಿ ಎನ್ನುತ್ತಾರೆ, ಕಚೇರಿಯ ಸ್ನೇಹಿತರು ಸೋನಿ ಬಿಟ್ಟು ಬೇರೆ ನೋಡಲೇಬೇಡಿ ಎನ್ನುತ್ತಾರೆ, ಮದುವೆಗಳ ಫೋಟೊ ತೆಗೆಯುವ ನಮ್ಮ ಭಾವನವರಂತೂ ಫುಲ್ ಫ್ರೇಮ್ ಅಲ್ಲದ್ದು, ಅಂದರೆ ಚಿತ್ರ ಮೂಡಿಸುವ ಸೆನ್ಸರ್ ದೊಡ್ಡದಿಲ್ಲದ್ದು, ಕ್ಯಾಮೆರಾವೇ ಅಲ್ಲ ಎನ್ನುತ್ತಾರೆ. ಕೈಯಲ್ಲಿರುವ ನಿಕಾನ್ ಲೆನ್ಸುಗಳಿಗಾಗಿ ಅದೇ ಕಂಪನಿಯಲ್ಲಿ ಉಳಿಯಬೇಕೇ, ಅಥವಾ ಬದಲಾಯಿಸಲು ಇದೇ ಸಮಯವೇ? ಯಾವ ಆಧಾರದ ಮೇಲೆ ನಿರ್ಧರಿಸಬೇಕು ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ಪಿಕಳಾರ, ಮಧುಗಿರಿ

ಮಾನ್ಯರೇ, ಕಂಪನಿಯ ಹೆಸರನ್ನು ಬದಿಗಿಟ್ಟು ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಕೂರುವ ಬಾಯಿ, ಯಾವುದೆಂದು ಮೊದಲು ಕೇಳಿಕೊಳ್ಳಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಅದರ ಮೂರು ಪಟ್ಟು ಕಾಲ ದುಡಿಯುತ್ತದೆ. ಹಾಗಾಗಿ ಮುಂದಿನ ಹತ್ತು ವರ್ಷ ನಿಮಗೆ ಯಾವ ಲೆನ್ಸುಗಳು, ಯಾವ ಬೆಲೆಗೆ ಸಿಗಬೇಕೆಂಬುದನ್ನು ನೀವು ಈಗಲೇ ಆರಿಸಿಬಿಡುತ್ತಿದ್ದೀರಿ.

ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನೇ ನಿಮ್ಮ ಡಿ3500ರವರೆಗೂ ಉಳಿಸಿಕೊಂಡು ಬಂತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಮೌಂಟನ್ನು ಕೈಬಿಟ್ಟು ಇಎಫ್ ಆರಂಭಿಸಿತು. ಸೋನಿಯ ಇ ಮೌಂಟ್ 2010ರದ್ದು. 2018ರಲ್ಲಿ ನಿಕಾನ್ ಝಡ್ ಮೌಂಟನ್ನೂ ಕ್ಯಾನನ್ ಆರ್‌ಎಫ್ ಮೌಂಟನ್ನೂ ತಂದ ಮೇಲೆ ಎರಡೂ ಕಂಪನಿಗಳ ಹೊಸ ಲೆನ್ಸುಗಳು ಬಹುಪಾಲು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೇ ಬರುತ್ತಿವೆ. ಹೀಗಿರುವಾಗ ಹೊಸದಾಗಿ, ನಿಮ್ಮದರಂತೆ ಕನ್ನಡಿಯಿರುವ ಇನ್ನೊಂದು ಡಿಎಸ್‌ಎಲ್‌ಆರ್ ಬಾಡಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಡಿಎಸ್‌ಎಲ್‌ಆರ್ ಲೆನ್ಸ್ ಕೊಳ್ಳುವುದು ಬೇರೆ ಮಾತು, ಅದಕ್ಕೆ ಕಾರಣವಿದೆ. ಎಫ್ ಮೌಂಟಿನಲ್ಲಿ ಕನ್ನಡಿ ಆಡಲು ಜಾಗ ಬೇಕಿದ್ದುದರಿಂದ ಮೌಂಟಿಗೂ ಸೆನ್ಸರಿಗೂ 46.5 ಮಿ.ಮೀ. ಅಂತರವಿದೆ, ಕನ್ನಡಿಯೇ ಇಲ್ಲದ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ. ಮಾತ್ರ. ನಡುವೆ ಉಳಿಯುವ 30.5 ಮಿ.ಮೀ. ಜಾಗವನ್ನು ತುಂಬಲು ಎಫ್‌ಟಿಝಡ್ ಎಂಬ ಅಡಾಪ್ಟರ್ ಇದೆ. ಅದರೊಳಗೆ ಗಾಜು ಇಲ್ಲದಿರುವುದರಿಂದ ಚಿತ್ರದ ಗುಣಮಟ್ಟಕ್ಕೆ ಧಕ್ಕೆಯಾಗುವುದಿಲ್ಲ. ಅಂದರೆ ಹಳೆಯ ಲೆನ್ಸ್ ಹೊಸ ಬಾಡಿಗೆ ಕೂರುತ್ತದೆ, ಹೊಸ ಲೆನ್ಸ್ ಹಳೆಯ ಬಾಡಿಗೆ ಎಂದಿಗೂ ಕೂರದು. ಒಂದು ಎಚ್ಚರಿಕೆ: ಈ ಅಡಾಪ್ಟರ್‌ನಲ್ಲಿ ಫೋಕಸ್ ತಿರುಗಿಸುವ ಮೋಟಾರ್ ಇಲ್ಲ, ನಿಮ್ಮ ಡಿ3500ರಲ್ಲೂ ಇಲ್ಲ. ಯಾರಾದರೂ ಅಗ್ಗಕ್ಕೆ, ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಕೊಡುತ್ತೇನೆಂದರೆ ಅದರಲ್ಲಿ ಫೋಕಸ್ಸನ್ನು ನೀವೇ ಕೈಯಿಂದ ತಿರುಗಿಸಿಕೊಳ್ಳಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ, ಮೊದಲು ಲೆನ್ಸ್. ನಿಕಾನಿನ 200-500 ಮಿ.ಮೀ. ಎಫ್5.6 ಲೆನ್ಸ್ 2015ರಲ್ಲಿ ಬಂದದ್ದು. ಬಹಳ ಜನ ಮಿರರ್‌ಲೆಸ್‌ಗೆ ಹೋಗಿರುವುದರಿಂದ ಸೆಕೆಂಡ್ ಹ್ಯಾಂಡ್ ಆಗಿ ಚೆನ್ನಾಗಿರುವುದೇ ಸಿಗುತ್ತದೆ. ಇಂದು ಡಿ3500ಕ್ಕೆ, ನಾಳೆ ಅಡಾಪ್ಟರ್ ಮೂಲಕ ಝಡ್ ಬಾಡಿಗೆ ಹಾಕಬಹುದು. 300ರಿಂದ 500ಕ್ಕೆ ಹೋದರೆ ಚೌಕಟ್ಟಿನಲ್ಲಿ ಕೃಷ್ಣಮೃಗ ತುಂಬುವ ಜಾಗ ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ಭಾರ ಮಾತ್ರ 2.3 ಕೆ.ಜಿ.; ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ನಿಲ್ಲಲಾಗದು, ಮಾನೋಪಾಡ್ (ಒಂಟಿ ಕಾಲಿನ ಆಸರೆ) ಬೇಕೇ ಬೇಕು.

ಭಾವನವರ ಫುಲ್ ಫ್ರೇಮ್ ಮಾತು ಕಲ್ಯಾಣಮಂಟಪದ ಮಂದ ಬೆಳಕಿಗೆ ಸರಿ. ದೂರದ ಪ್ರಾಣಿಗೆ ನಿಮ್ಮ ಸಣ್ಣ ಸೆನ್ಸರೇ ಅನುಕೂಲ, ಏಕೆಂದರೆ ಅದರ ಮೇಲೆ 500 ಮಿ.ಮೀ. ಲೆನ್ಸ್ ಫುಲ್ ಫ್ರೇಮಿನ 750 ಮಿ.ಮೀ. ಲೆನ್ಸಿನಷ್ಟೇ ನೋಟ ಕೊಡುತ್ತದೆ. ಇನ್ನೊಂದು ಸಂಗತಿಯನ್ನು ಯಾವ ಕಂಪನಿಯೂ ಹೇಳುವುದಿಲ್ಲ: ಬೇಸಿಗೆಯಲ್ಲಿ ಮೈದನಹಳ್ಳಿಯ ನೆಲ ಕಾದು ಬಿಸಿಗಾಳಿ ಏಳಲು ಶುರುವಾದರೆ, ದೂರದ ಜಿಂಕೆಯ ಕಾಲುಗಳು ನೀರಿನಲ್ಲಿ ನಿಂತಂತೆ ಅಲುಗಾಡುತ್ತವೆ. ಆಮೇಲೆ ಎಷ್ಟು ಲಕ್ಷದ ಲೆನ್ಸಾದರೂ ಚಿತ್ರ ಚೂಪಾಗದು. ಬೆಳಗಿನ ಮೊದಲ ಒಂದೆರಡು ಗಂಟೆಯಲ್ಲೇ ಕೆಲಸ ಮುಗಿಸಬೇಕು, ವಾಹನದಿಂದ ಕೆಳಗಿಳಿಯದೆ ತೆಗೆದರೆ ಅವು ಓಡುವುದೂ ಕಡಿಮೆ.

ಉತ್ತರ: ಸ್ಟುಡಿಯೊದವನು, ಕೋಲಾರ

ಪಿಕಳಾರ ಅವರ ವಿವರಣೆಯನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ಪ್ರಶ್ನೆ ಕೇಳಿದವರ ಬಳಿ ಇರುವುದು ಎರಡು ಸಣ್ಣ ಲೆನ್ಸ್. ಅವಷ್ಟಕ್ಕಾಗಿ ಒಂದು ಕಂಪನಿಗೆ ಕಟ್ಟುಬೀಳುವ ಅಗತ್ಯವಿಲ್ಲ. ಬದಲಾಯಿಸುವುದಿದ್ದರೆ ಇದಕ್ಕಿಂತ ಕಡಿಮೆ ನಷ್ಟದ ಸಮಯ ಮುಂದೆ ಬರುವುದಿಲ್ಲ. ದೊಡ್ಡ ಎಫ್ ಮೌಂಟ್ ಲೆನ್ಸ್ ಕೊಂಡ ಮರುದಿನದಿಂದಲೇ ಅವರು ನಿಕಾನಿನವರಾಗಿ ಉಳಿಯುತ್ತಾರೆ, ಆ ಲೆನ್ಸಿನ ಮರುಮಾರಾಟದ ಬೆಲೆಯೂ ವರ್ಷ ವರ್ಷ ಇಳಿಯುತ್ತಲೇ ಹೋಗುತ್ತದೆ.

ಬೇರೆ ಕಂಪನಿಗಳ ಲೆನ್ಸ್ ಎಷ್ಟು ಸಿಗುತ್ತವೆ ಎಂಬುದನ್ನೂ ನೋಡಿ. ಸೋನಿ 2011ರಲ್ಲೇ ಇ ಮೌಂಟಿನ ತಾಂತ್ರಿಕ ವಿವರಗಳನ್ನು ಬೇರೆ ತಯಾರಕರಿಗೆ ಕೊಟ್ಟಿತು. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ ಅಷ್ಟೊಂದು ಲೆನ್ಸುಗಳು ಇಂದು ಅದಕ್ಕೆ ಸಿಗುವುದು ಇದರ ಫಲ. ಕ್ಯಾನನ್ ತನ್ನ ಆರ್‌ಎಫ್ ಮೌಂಟಿಗೆ ಬಹುಕಾಲ ಬಾಗಿಲು ಮುಚ್ಚಿಕೊಂಡಿತ್ತು. ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಬರಲಾರಂಭಿಸಿದ್ದು 2024ರಲ್ಲಿ. ಹಾಗೆಂದು ಸೋನಿಯನ್ನೇ ಕೊಳ್ಳಿ ಎನ್ನುತ್ತಿಲ್ಲ. ಅವರ 200-600 ಮಿ.ಮೀ. ಲೆನ್ಸ್ ಹಕ್ಕಿ ತೆಗೆಯುವವರಿಗೆ ಬಹಳ ಮೆಚ್ಚುಗೆಯಾದದ್ದು, ಆದರೆ ಹೊಸದಾಗಿ ಕೊಂಡರೆ ಆ ಒಂದು ಲೆನ್ಸೇ ತಮ್ಮ ಇಡೀ ಬಜೆಟ್ ಮೀರುತ್ತದೆ. ಕ್ಯಾನನ್ ಆರ್10 ಬಾಡಿ ಮತ್ತು ಆರ್‌ಎಫ್ 100-400 ಮಿ.ಮೀ. ಲೆನ್ಸ್ ಜೋಡಿಯನ್ನು ನಾನು ಸೂಚಿಸುತ್ತೇನೆ. ಹೊಸದಾಗಿ ಕೊಂಡರೆ ಬಜೆಟ್ ತುಸು ಮೀರಬಹುದು. ಎರಡರಲ್ಲಿ ಒಂದನ್ನು ಸೆಕೆಂಡ್ ಹ್ಯಾಂಡ್ ಹುಡುಕಿದರೆ ಹೊಂದಿಕೊಳ್ಳುತ್ತದೆ. ಲೆನ್ಸ್ 635 ಗ್ರಾಂ ಅಷ್ಟೇ. ಕ್ಯಾನನಿನ ಸಣ್ಣ ಸೆನ್ಸರಿನ ಮೇಲೆ 640 ಮಿ.ಮೀ. ನೋಟ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂತಹ ಬಿಳಿ ಗೆರೆಗಳಿದ್ದರೆ ಅದು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ. ಧೂಳಿನ ಕಣ ಒಂದೆರಡು ಇದ್ದರೆ ಚಿಂತೆಯಿಲ್ಲ. ಮೌಂಟಿನ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆಂದೇ ಅರ್ಥ. ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಕೇಳಿ ಪಡೆಯಿರಿ. ನಮ್ಮ ಪರಿಚಯದವರೊಬ್ಬರು ಗ್ರೇ ಮಾರ್ಕೆಟಿನಲ್ಲಿ, ಅಂದರೆ ಅಧಿಕೃತ ಮಾರಾಟಗಾರರಲ್ಲದವರ ಬಳಿ, ಹೊಸ ಲೆನ್ಸ್ ಕೊಂಡು, ಕೆಟ್ಟಾಗ ಇಲ್ಲಿಯ ವಾರಂಟಿ ಅನ್ವಯಿಸದೆ ಉಳಿಸಿದ್ದಕ್ಕಿಂತ ಹೆಚ್ಚು ಹಣ ರಿಪೇರಿಗೆ ಕೊಟ್ಟರು.

ಉತ್ತರ: ನಂದಿಯ ಮಂಜು, ಚಿಕ್ಕಬಳ್ಳಾಪುರ

ಸ್ಕಂದಗಿರಿ, ಆವಲಬೆಟ್ಟ ಹತ್ತುವವನಾಗಿ ಒಂದೇ ಮಾತು: ಹೊರಲಾಗದ ಲೆನ್ಸ್ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಭಾರ ಕಡಿಮೆ ಬೇಕೆಂದರೆ ಇನ್ನೂ ಸಣ್ಣ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಕೂಡ ಇದೆ, ಅದರಲ್ಲಿ 300 ಮಿ.ಮೀ. ಲೆನ್ಸೇ 600ರ ನೋಟ ಕೊಡುತ್ತದೆ. ಆದರೆ ಅದರ ತಯಾರಕರಲ್ಲಿ ಒಂದಾದ ಒಲಿಂಪಸ್ ತನ್ನ ಕ್ಯಾಮೆರಾ ವ್ಯವಹಾರವನ್ನು ಬೇರೆಯವರಿಗೆ ವಹಿಸಿಕೊಟ್ಟು, 2021ರಿಂದ ಅದು ಓಎಂ ಎಂಬ ಹೆಸರಿಗೆ ಬದಲಾಯಿತು. 2006ರಲ್ಲಿ ಕೊನಿಕಾ ಮಿನೋಲ್ಟಾ ಕೂಡ ಕ್ಯಾಮೆರಾಗಳಿಂದ ಹಿಂದೆ ಸರಿದು ತನ್ನ ಎಸ್‌ಎಲ್‌ಆರ್ ವಿಭಾಗವನ್ನು ಸೋನಿಗೆ ಒಪ್ಪಿಸಿತ್ತು. ಕಂಪನಿಗಳು ಹೀಗೆ ಕೈಬದಲಾಗುವುದುಂಟು. ನಮ್ಮಂಥ ಊರುಗಳಿಂದ ರಿಪೇರಿಗೆ ಬೆಂಗಳೂರಿಗೇ ಹೋಗಬೇಕಾದ್ದರಿಂದ, ಅಲ್ಲಿ ಸರ್ವಿಸ್ ಸೆಂಟರ್ ಇದೆಯೇ ಎಂದು ವಿಚಾರಿಸದೆ ಯಾವುದನ್ನೂ ಕೊಳ್ಳಬೇಡಿ.

ಮರುಪ್ರಶ್ನೆ: ದುರ್ಗದ ದಾರಿ, ತುಮಕೂರು

ಮೂವರಿಗೂ ಕೃತಜ್ಞತೆಗಳು. ಪಿಕಳಾರ ಸರ್, ತಾವು ಹೇಳಿದ 200-500 ನನ್ನ ಮೊದಲ ಕೊರತೆಯನ್ನು ನೀಗಿಸುತ್ತದೆ ಎಂಬುದು ಸ್ಪಷ್ಟವಾಯಿತು. ಹಾರುವ ಕೊಕ್ಕರೆಯ ವಿಷಯ ಉಳಿದೇ ಇದೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುತ್ತವೆ ಎನ್ನುತ್ತಾರಲ್ಲ, ಅದು ಜಾಹೀರಾತಿನ ಮಾತೇ, ನಿಜವೇ?

ಉತ್ತರ: ಪಿಕಳಾರ, ಮಧುಗಿರಿ

ನಿಜ. ಡಿ3500ರಲ್ಲಿ ಫೋಕಸ್ ಬಿಂದುಗಳು ಹನ್ನೊಂದೇ, ಅವೂ ಚೌಕಟ್ಟಿನ ಮಧ್ಯಭಾಗದಲ್ಲೇ ಇವೆ. ನಿಕಾನ್ 2024ರಲ್ಲಿ ತಂದ ಝಡ್50-2, ಸ್ಟುಡಿಯೊದವರು ಹೇಳಿದ ಆರ್10, ಸೋನಿಯ ಎ6700, ಮೂರೂ ಹಕ್ಕಿಯನ್ನು ಗುರುತಿಸಿ ಹಿಂಬಾಲಿಸುತ್ತವೆ. ಈ ವಿಷಯದಲ್ಲಿ ಕಂಪನಿಗಳ ನಡುವಿನ ವ್ಯತ್ಯಾಸ ಚಿಕ್ಕದು, ಡಿ3500ಕ್ಕೂ ಇವುಗಳಿಗೂ ಇರುವ ವ್ಯತ್ಯಾಸ ದೊಡ್ಡದು. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಬಡಿಯುವ ರೆಕ್ಕೆ ಸೊಟ್ಟಗೆ ಮೂಡಬಹುದು. ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರನ್ನೇ ಇಟ್ಟುಕೊಳ್ಳಿ.

ಸ್ಟುಡಿಯೊದವರ ಜೋಡಿಗೆ ನನ್ನ ತಕರಾರು ಒಂದೇ. ಆ 100-400 ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ 400 ಮಿ.ಮೀ. ತುದಿಯಲ್ಲಿ ಎಫ್8ಕ್ಕೆ ಕಿರಿದಾಗುತ್ತದೆ, ಎಫ್5.6ಕ್ಕೆ ಹೋಲಿಸಿದರೆ ಒಳಬರುವ ಬೆಳಕು ಅರ್ಧ. ಮೈದನಹಳ್ಳಿಯ ಬಯಲಿನಲ್ಲಿ ಇದು ಅಡ್ಡಿಯಾಗದು. ದೇವರಾಯನದುರ್ಗದಲ್ಲಿ ಬಂಡೆಗಳ ನಡುವಿನ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಹಕ್ಕಿಯನ್ನು ಮುಂಜಾನೆ ಹುಡುಕುವವರಿಗೆ ಖಂಡಿತ ಅಡ್ಡಿಯಾಗುತ್ತದೆ. ನನ್ನ ಹೆಸರು ನೋಡಿದರೆ ನಾನು ಯಾರ ಪಕ್ಷವೆಂದು ತಿಳಿಯುತ್ತದೆ! ತಮಗೆ ಬಯಲೇ ಮುಖ್ಯವಾಗಿ, ಭಾರ ಹೊರುವ ಇಷ್ಟವಿಲ್ಲದಿದ್ದರೆ ಅವರ ಸಲಹೆ ನನ್ನದಕ್ಕಿಂತ ಮೇಲು.

ಕಗ್ಗಲಡುವಿಗೆ ಮಾತ್ರ ಯಾವುದನ್ನೂ ಕೊಳ್ಳಬೇಕಾಗಿಲ್ಲ. ಗೂಡುಗಳಿರುವುದು ಊರೊಳಗಿನ ಹುಣಸೆ ಮರಗಳಲ್ಲಿ, ತಮ್ಮ 300 ಮಿ.ಮೀ. ಲೆನ್ಸ್ ಅಲ್ಲಿಗೆ ಧಾರಾಳ. ಕಡುಹಸಿರು ಎಲೆಗಳ ಎದುರು ಬಿಳಿ ಹಕ್ಕಿ ಕೂತಾಗ ಕ್ಯಾಮೆರಾ ಕತ್ತಲೆಯೆಂದು ಭಾವಿಸಿ ಬೆಳಕು ಹೆಚ್ಚಿಸುತ್ತದೆ, ಗರಿಗಳ ವಿವರವೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ಕ್ಕೆ ಇಳಿಸಿ ತೆಗೆದು ನೋಡಿ. ಹಾರುವ ಹಕ್ಕಿಗೆ ಸದ್ಯಕ್ಕೆ ಮಧ್ಯದ ಒಂದೇ ಬಿಂದು, ಎಎಫ್-ಸಿ (ಚಲಿಸುವುದನ್ನು ಬಿಡದೆ ಫೋಕಸ್ ಮಾಡುವ) ಮೋಡ್, 1/2000 ಸೆಕೆಂಡ್ ಶಟರ್ ಇಟ್ಟು, ಮರದ ಕಡೆಗಲ್ಲದೆ ಆಕಾಶದ ಕಡೆಯಿಂದ ಬರುವ ಹಕ್ಕಿಯನ್ನು ಮೊದಲೇ ಹಿಡಿದು ಹಿಂಬಾಲಿಸಿ. ಹಿಂದೆ ಕೊಂಬೆಯೇ ಇಲ್ಲದಿದ್ದರೆ ಫೋಕಸ್ ಹೋಗಿ ಕೂರಲು ಜಾಗವಿರುವುದಿಲ್ಲ.

ಕೊಳ್ಳುವ ಮುನ್ನ ಒಂದು ಶನಿವಾರ-ಭಾನುವಾರಕ್ಕೆ ಬೆಂಗಳೂರಿನಿಂದ ಝಡ್50-2, ಎಫ್‌ಟಿಝಡ್ ಮತ್ತು 200-500 ಬಾಡಿಗೆಗೆ ತನ್ನಿ. ಗುರುತಿನ ಚೀಟಿಯ ಜೊತೆಗೆ ಠೇವಣಿಯನ್ನೂ ಕೇಳಬಹುದು.

ದುರ್ಗದ ದಾರಿ, ತುಮಕೂರು

ಹಾಗೆಯೇ ಮಾಡುತ್ತೇನೆ. ಒಂದು ವಾರ ಝಡ್50-2 ಮತ್ತು 200-500, ಇನ್ನೊಂದು ವಾರ ಆರ್10 ಮತ್ತು 100-400, ಎರಡನ್ನೂ ಮೈದನಹಳ್ಳಿಯಲ್ಲೂ ದುರ್ಗದಲ್ಲೂ ಬಳಸಿ, ತೆಗೆದ ಚಿತ್ರಗಳನ್ನು ಸೆಟ್ಟಿಂಗುಗಳ ಸಮೇತ ಇಲ್ಲೇ ಹಾಕುತ್ತೇನೆ. ಸ್ಟುಡಿಯೊದವರೇ, ಆರ್10ಗೆ ಹೆಚ್ಚುವರಿ ಬ್ಯಾಟರಿ ಬೇಕಾಗುತ್ತದೆಯೇ?

ಸ್ಟುಡಿಯೊದವನು, ಕೋಲಾರ

ಬೇಕು. ಮಿರರ್‌ಲೆಸ್‌ನಲ್ಲಿ ಕಣ್ಣಿಗೆ ಕಾಣುವುದು ಒಳಗಿನ ಪರದೆಯಾದ್ದರಿಂದ, ಫೋಟೊ ತೆಗೆಯದೆ ಸುಮ್ಮನೆ ನೋಡುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಡಿ3500ರ ಅಭ್ಯಾಸದಲ್ಲಿ ಒಂದನ್ನೇ ನಂಬಿಕೊಂಡು ಹೋಗಬೇಡಿ. ಬಾಡಿಗೆಗೆ ಕೊಡುವವರ ಬಳಿ ಎರಡು ಬ್ಯಾಟರಿ ಮತ್ತು ಚಾರ್ಜರ್ ಕೇಳಿ ಪಡೆದು, ಅಲ್ಲೇ ಹಾಕಿ ಪರೀಕ್ಷಿಸಿಕೊಂಡು ಬನ್ನಿ.