ಕಣ್ಣೀರು ಯಾರಿಗಾಗಿ? ಯಹೂದಿಗಳ ಹತ್ಯಾಕಾಂಡದ ಸಿನಿಮಾಗಳನ್ನು ನೋಡಿದ ಮೇಲೆ ಕಾಡುವ ಒಂದು ಪ್ರಶ್ನೆ

ಪ್ರಶ್ನೆ

ಕಳೆದ ತಿಂಗಳು ಎರಡು ವಾರಗಳ ಅಂತರದಲ್ಲಿ ಎರಡು ಚಿತ್ರಗಳನ್ನು ನೋಡಿದೆ. ಸ್ಟೀವನ್ ಸ್ಪೀಲ್‌ಬರ್ಗ್ ಅವರ 1993ರ ‘ಷಿಂಡ್ಲರ್ಸ್ ಲಿಸ್ಟ್’ ಅನ್ನು ಮನೆಯವರೆಲ್ಲ ಕೂತು ನೋಡಿದೆವು. ಹಂಗೇರಿಯ ಲಾಸ್ಲೊ ನೆಮೆಶ್ ಅವರ 2015ರ ‘ಸನ್ ಆಫ್ ಸಾಲ್’ ಅನ್ನು ನಾನೊಬ್ಬನೇ ನೋಡಿದೆ. ಮೊದಲ ಚಿತ್ರದ ಕೊನೆಯಲ್ಲಿ, ಈ ಕಾರನ್ನು ಕೊಟ್ಟಿದ್ದರೆ ಇನ್ನೂ ಹತ್ತು ಜೀವ ಉಳಿಯುತ್ತಿತ್ತು, ಕೋಟಿನ ಈ ಚಿನ್ನದ ಪಿನ್ನಿಗೆ ಇಬ್ಬರು, ಕಡೆಗೆ ಒಬ್ಬರಾದರೂ ಉಳಿಯುತ್ತಿದ್ದರು ಎಂದು, ಯಹೂದಿಗಳನ್ನು ತನ್ನ ಕಾರ್ಖಾನೆಗೆ ಸೇರಿಸಿಕೊಂಡು ನಾಜಿಗಳಿಂದ ಉಳಿಸಿದ ಜರ್ಮನ್ ಉದ್ಯಮಿ ಷಿಂಡ್ಲರ್ ಕುಸಿದು ಅಳುವಾಗ ನನ್ನ ತಂದೆಯೂ ನಾನೂ ಬಿಕ್ಕಿ ಬಿಕ್ಕಿ ಅತ್ತೆವು. ಅತ್ತ ಮೇಲೆ ಮನಸ್ಸು ಹಗುರವಾಯಿತು, ಊಟ ಸೇರಿತು, ಒಳ್ಳೆಯ ನಿದ್ದೆಯೂ ಬಂತು. ಎರಡನೆಯ ಚಿತ್ರಕ್ಕೆ ಒಂದು ಹನಿ ಕಣ್ಣೀರೂ ಬರಲಿಲ್ಲ. ಆದರೆ ಹೊಟ್ಟೆಯೊಳಗೆ ಏನೋ ಗಂಟು ಕಟ್ಟಿಕೊಂಡಂತಾಗಿ, ನಾಲ್ಕೈದು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲು ಆಗಲಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮೊದಲ ಚಿತ್ರದ ಒಂದು ದೃಶ್ಯ. ಷಿಂಡ್ಲರ್‌ನ ಪಟ್ಟಿಯಲ್ಲಿದ್ದ ಸುಮಾರು 300 ಹೆಂಗಸರ ರೈಲು ಅವನ ಕಾರ್ಖಾನೆಗೆ ಹೋಗುವ ಬದಲು ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ ಹೋಗುತ್ತದೆ. ಅವರ ಕೂದಲು ಕತ್ತರಿಸಿ, ಬಟ್ಟೆ ಬಿಚ್ಚಿಸಿ, ಒಂದು ಕೋಣೆಯೊಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ದೀಪ ಆರುತ್ತದೆ, ಚೀರಾಟ ಏಳುತ್ತದೆ, ಆಮೇಲೆ ಮೇಲಿನಿಂದ ಸುರಿಯುವುದು ವಿಷಾನಿಲವಲ್ಲ, ನೀರು. ಆಗ ನಾನು ‘ಸದ್ಯ, ಬದುಕಿದರು’ ಎಂದು ನಿಟ್ಟುಸಿರು ಬಿಟ್ಟೆ. ಮರುಕ್ಷಣವೇ, ಹೊರಬಂದ ಆ ಹೆಂಗಸರ ಕಣ್ಣೆದುರಿಗೆ ಮತ್ತೊಂದು ಸಾಲು ಮೆಟ್ಟಿಲಿಳಿದು ಬೇರೊಂದು ಕಟ್ಟಡದೊಳಗೆ ಹೋಗುತ್ತಿರುತ್ತದೆ, ಅದರ ಚಿಮಣಿಯಿಂದ ಹೊಗೆ ಏಳುತ್ತಿರುತ್ತದೆ. ಆ ಸಾಲಿನಲ್ಲಿ ಮಕ್ಕಳೂ ಇದ್ದರು. ನನ್ನ ನಿಟ್ಟುಸಿರಿನ ಲೆಕ್ಕದಲ್ಲಿ ಅವರು ಇರಲೇ ಇಲ್ಲ ಎಂಬುದು ನಾಚಿಕೆಯನ್ನು ತಂದಿತು. ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳು ಸುಮಾರು 60 ಲಕ್ಷ ಜನ. ಷಿಂಡ್ಲರ್ ಉಳಿಸಿದವರು ಸುಮಾರು 1,100 ಜನ. ಇಂಥ ಚಿತ್ರಗಳನ್ನು ನೋಡಿ ಅಳುವುದು ಸರಿಯೇ, ಅಳದಿರುವುದು ಸರಿಯೇ ಎಂದು ಕೇಳಿದರೆ ಬಾಲಿಶವೆನಿಸಬಹುದು. ಆದರೂ ಮನಃಪೂರ್ವಕವಾಗಿಯೇ ಕೇಳುತ್ತಿದ್ದೇನೆ.

ಮೊದಲ ಉತ್ತರ: ಚಿತ್ರಸಮಾಜದ ಹಳೆಯ ಸದಸ್ಯರೊಬ್ಬರಿಂದ

ನೀವು ನಿಟ್ಟುಸಿರು ಬಿಟ್ಟ ದೃಶ್ಯದ ಬಗೆಗೇ ಚಿತ್ರ ಬಿಡುಗಡೆಯಾದಂದಿನಿಂದ ವಾದ ನಡೆದಿದೆ. ನೀರು ಬರುವುದೋ ವಿಷ ಬರುವುದೋ ಎಂಬ ಕುತೂಹಲವನ್ನು ಪ್ರೇಕ್ಷಕರಲ್ಲಿ ಹುಟ್ಟಿಸುವುದೇ ತಪ್ಪು ಎಂಬುದು ಒಂದು ಪಕ್ಷ. ಫ್ರಾನ್ಸಿನ ಚಿತ್ರನಿರ್ದೇಶಕ ಕ್ಲೋದ್ ಲಾಂಜ್‌ಮನ್ 1994ರಲ್ಲಿ ಬರೆಯುತ್ತ, ಈ ಹತ್ಯಾಕಾಂಡದ ಸುತ್ತ ದಾಟಲಾಗದ ಬೆಂಕಿಯ ವರ್ತುಲವೊಂದಿದೆ, ಅದನ್ನು ಕಥಾಚಿತ್ರವಾಗಿಸುವುದೇ ಅತಿಕ್ರಮಣ ಎಂಬ ನಿಲುವನ್ನು ತಾಳಿದರು. ಅವರ 1985ರ ‘ಶೋಆ’ ಒಂಬತ್ತೂವರೆ ಗಂಟೆಯ ಸಾಕ್ಷ್ಯಚಿತ್ರ. ಅದರಲ್ಲಿ ಹಳೆಯ ದಾಖಲೆ ಚಿತ್ರಗಳ ಒಂದು ತುಣುಕೂ ಇಲ್ಲ, ಒಂದು ಹೆಣವನ್ನೂ ತೋರಿಸುವುದಿಲ್ಲ. ಇರುವುದು ಬದುಕಿ ಉಳಿದವರು, ಪಕ್ಕದ ಹಳ್ಳಿಗಳಿಂದ ನೋಡಿದವರು, ಕೊಲೆಯಲ್ಲಿ ಪಾಲ್ಗೊಂಡವರು, ಮತ್ತು ಈಗ ಹುಲ್ಲು ಬೆಳೆದಿರುವ ಆ ಜಾಗಗಳು.

ಅದರಲ್ಲಿ ಏಬ್ರಹಾಂ ಬೊಂಬಾ ಎಂಬ ಕ್ಷೌರಿಕರ ಭಾಗವನ್ನು ನೀವು ನೋಡಬೇಕು. ಟ್ರೆಬ್ಲಿಂಕಾದ ಶಿಬಿರದಲ್ಲಿ, ಸಾಯಲು ಹೋಗುವ ಹೆಂಗಸರ ಕೂದಲು ಕತ್ತರಿಸುವ ಕೆಲಸಕ್ಕೆ ನಾಜಿಗಳು ಅವರನ್ನು ಹಚ್ಚಿದ್ದರು. ಲಾಂಜ್‌ಮನ್ ಅವರನ್ನು ಇಸ್ರೇಲಿನ ಒಂದು ಕ್ಷೌರದಂಗಡಿಯಲ್ಲಿ ನಿಲ್ಲಿಸಿ, ಕೈಗೆ ಕತ್ತರಿ ಕೊಟ್ಟು, ಒಬ್ಬರ ಕೂದಲು ಕತ್ತರಿಸುತ್ತಲೇ ಮಾತನಾಡುವಂತೆ ಮಾಡಿದರು. ಬೊಂಬಾ ಮೊದಲು ವರದಿ ಒಪ್ಪಿಸುವವರಂತೆ ಹೇಳುತ್ತ ಹೋಗುತ್ತಾರೆ. ಜೊತೆಯ ಕ್ಷೌರಿಕನೊಬ್ಬನ ಹೆಂಡತಿಯೂ ತಂಗಿಯೂ ಆ ಕೋಣೆಯೊಳಗೆ ಬಂದರು ಎನ್ನುವಲ್ಲಿಗೆ ಬಂದಾಗ ಮಾತು ನಿಂತುಹೋಗುತ್ತದೆ. ಕತ್ತರಿ ಮಾತ್ರ ಆಡುತ್ತಿರುತ್ತದೆ. ಬೇಡ, ನನ್ನಿಂದ ಆಗದು ಎಂದು ಅವರು ಬೇಡುತ್ತಾರೆ. ಹೇಳಲೇಬೇಕು ಎಂದು ಲಾಂಜ್‌ಮನ್ ಒತ್ತಾಯಿಸುತ್ತಾರೆ.

ಮೊದಲ ಸಲ ನೋಡಿದಾಗ ನನಗೆ ನಿರ್ದೇಶಕರ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಮುದುಕನನ್ನು ಹೀಗೆ ಹಿಂಸಿಸಬಾರದು ಎಂದು ಪಕ್ಕದವರಿಗೆ ಗಟ್ಟಿಯಾಗಿಯೇ ಹೇಳಿದ್ದೆ. ಹಲವು ವರ್ಷಗಳ ನಂತರ ಮತ್ತೆ ನೋಡುವಾಗ ಅನ್ನಿಸಿತು: ನಿಲ್ಲಿಸಿ ಎಂದು ನಾನು ಬಯಸಿದ್ದು ಬೊಂಬಾ ಅವರ ಸಂಕಟ ನೋಡಲಾರದೆಯೋ ಅಥವಾ ಮುಂದೆ ಬರುವ ಮಾತನ್ನು ಕೇಳುವ ಧೈರ್ಯ ನನಗಿಲ್ಲದೆಯೋ? ಇದು ನನಗೆ ಇನ್ನೂ ಬಗೆಹರಿದಿಲ್ಲ.

‘ಸನ್ ಆಫ್ ಸಾಲ್’ನಲ್ಲಿ ನಿಮಗೆ ಅಳು ಬಾರದಿದ್ದುದಕ್ಕೆ ಕಾರಣ ಅದರ ಕ್ಯಾಮೆರಾದಲ್ಲೇ ಇದೆ. ಶವಗಳನ್ನು ಎಳೆದು ಸುಡುವ ಕೆಲಸಕ್ಕೆ ಬಲವಂತವಾಗಿ ಹಚ್ಚಲಾದ ಯಹೂದಿ ಕೈದಿಗಳಲ್ಲಿ ಒಬ್ಬ ಸಾಲ್. ಕ್ಯಾಮೆರಾ ಅವನ ಮುಖಕ್ಕೋ ಬೆನ್ನಿಗೋ ಅಂಟಿಕೊಂಡೇ ಇರುತ್ತದೆ, ಹಿಂದಿನದೆಲ್ಲ ಮಸುಕು. ಸತ್ತವರನ್ನು ಕಣ್ಣಾರೆ ನೋಡುವ ಅವಕಾಶವನ್ನೇ ನಿರ್ದೇಶಕರು ನಮಗೆ ಕೊಡುವುದಿಲ್ಲ, ಕಿವಿಗಾದರೋ ಎಲ್ಲವೂ ಕೇಳಿಸುತ್ತದೆ. ಅಳಬೇಕಾದರೆ ಒಂದಿಷ್ಟು ದೂರ ಬೇಕು. ಅದು ಅಲ್ಲಿ ಸಿಗುವುದಿಲ್ಲ.

ಎರಡನೆಯ ಉತ್ತರ: ಬರ್ಲಿನ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರಿಂದ

ಮೇಲಿನವರ ಮಾತಿಗೆ ಗೌರವವಿಟ್ಟುಕೊಂಡೇ ಕಣ್ಣೀರಿನ ಪರವಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. 1978ರಲ್ಲಿ ಅಮೆರಿಕದ ಟಿವಿಯಲ್ಲಿ ‘ಹಾಲೋಕಾಸ್ಟ್’ ಎಂಬ ನಾಲ್ಕು ಭಾಗಗಳ ಧಾರಾವಾಹಿ ಬಂತು. ವೈಸ್ ಎಂಬ ಕಲ್ಪಿತ ಯಹೂದಿ ಕುಟುಂಬದ ಕಥೆ ಅದು. ಆಶ್‌ವಿಟ್ಜ್‌ನಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ಅದನ್ನು ಕಟುವಾಗಿ ಖಂಡಿಸಿದರು, ಹೇಳಲಾಗದ್ದನ್ನು ಅಗ್ಗದ ಧಾರಾವಾಹಿಯಾಗಿಸಿದ್ದಾರೆ ಎಂಬುದು ಅವರ ನೋವಾಗಿತ್ತು. ಕಲೆಯ ದೃಷ್ಟಿಯಿಂದ ನಾನೂ ಅದನ್ನು ಹೊಗಳಲಾರೆ.

ಆದರೆ 1979ರ ಜನವರಿಯಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅದು ಪ್ರಸಾರವಾದಾಗ ಏನಾಯಿತು ನೋಡಿ. ಸುಮಾರು ಎರಡು ಕೋಟಿ ಜನ ಅದರ ಕೆಲವು ಭಾಗಗಳನ್ನಾದರೂ ನೋಡಿದರು. ಪ್ರತಿ ಕಂತಿನ ನಂತರ ಇತಿಹಾಸಕಾರರು ಸ್ಟುಡಿಯೋದಲ್ಲಿ ಕುಳಿತು ತಡರಾತ್ರಿಯವರೆಗೂ ಪ್ರಶ್ನೆಗಳಿಗೆ ಉತ್ತರಿಸಿದರು, ಸಾವಿರಾರು ಜನ ಕರೆ ಮಾಡಿದರು, ಹಲವರು ಅಳುತ್ತಲೇ ಮಾತನಾಡಿದರು. ಈ ಹತ್ಯಾಕಾಂಡವನ್ನು ಸೂಚಿಸುವ ‘ಹಾಲೋಕಾಸ್ಟ್’ ಎಂಬ ಪದ ಆ ವರ್ಷದ ಪದವೆಂದು ಜರ್ಮನಿಯಲ್ಲಿ ಆಯ್ಕೆಯಾಯಿತು. ಅದೇ ಜುಲೈನಲ್ಲಿ ಅಲ್ಲಿನ ಸಂಸತ್ತು ಕೊಲೆಯ ಅಪರಾಧಕ್ಕಿದ್ದ ಕಾಲಮಿತಿಯನ್ನು ತೆಗೆದುಹಾಕಿತು. ಹಾಗಾಗಿ ನಾಜಿ ಕೊಲೆಗಡುಕರ ಮೇಲೆ ಮುಂದೆಯೂ ಮೊಕದ್ದಮೆ ಹೂಡಲು ಸಾಧ್ಯವಾಯಿತು. ಆ ಚರ್ಚೆ ಮೊದಲಿನಿಂದಲೂ ನಡೆದಿತ್ತು, ಧಾರಾವಾಹಿಯೊಂದೇ ಕಾರಣವೆನ್ನಲಾಗದು. ಆದರೂ ಆ ಜನವರಿಯ ರಾತ್ರಿಗಳ ಪಾಲು ಅದರಲ್ಲಿ ಇಲ್ಲವೆನ್ನಲೂ ಆಗದು.

ನನ್ನ ಜೊತೆ ಕೆಲಸ ಮಾಡಿ ಈಗ ನಿವೃತ್ತರಾಗಿರುವ ಒಬ್ಬ ಮಹಿಳೆಗೆ ಆಗ ಹದಿನಾಲ್ಕು ವರ್ಷ. ಮೂರನೆಯ ಕಂತಿನ ನಡುವೆ ಅವರ ತಂದೆ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದವರು ಮತ್ತೆ ಬಂದು ಕೂರಲಿಲ್ಲವಂತೆ. ಮಗಳು ಹಿಂದೆಯೇ ಹೋಗಿ, ‘ಅಪ್ಪಾ, ಆಗ ನೀನು ಎಲ್ಲಿದ್ದೆ?’ ಎಂದು ಕೇಳಿದರಂತೆ. ಆ ಮನೆಯಲ್ಲಿ ಆ ಪ್ರಶ್ನೆ ಎದ್ದದ್ದು ಅದೇ ಮೊದಲು. ಕಳಪೆ ಚಿತ್ರಕ್ಕೆ ಬಂದ ಕಣ್ಣೀರೂ ಒಂದು ಮನೆಯ ಮೌನವನ್ನು ಮುರಿಯಬಲ್ಲದು ಎಂಬುದನ್ನು ನಾನು ಅವರಿಂದ ಕಲಿತೆ.

ಮೂರನೆಯ ಉತ್ತರ: ಇತಿಹಾಸದ ಅಧ್ಯಾಪಕಿಯೊಬ್ಬರಿಂದ

ಬರ್ಲಿನ್‌ನವರು ಹೇಳಿದ್ದು ನಿಜ, ಆದರೆ ಅಲ್ಲಿ ಅತ್ತವರಿಗೆ ತಾವು ಯಾರಿಗಾಗಿ ಅಳುತ್ತಿದ್ದೇವೆಂಬುದು ಗೊತ್ತಿತ್ತು. ತರಗತಿಯಲ್ಲಿ ನನಗಾದ ಅನುಭವ ಬೇರೆಯದು.

ಕೆಲವು ವರ್ಷಗಳ ಹಿಂದೆ ಪದವಿಪೂರ್ವ ತರಗತಿಯ ಮಕ್ಕಳಿಗೆ 2008ರ ‘ದಿ ಬಾಯ್ ಇನ್ ದ ಸ್ಟ್ರೈಪ್ಡ್ ಪಜಾಮಾಸ್’ ತೋರಿಸಿದೆ. ಶಿಬಿರದ ಅಧಿಕಾರಿಯ ಮಗ ಬ್ರೂನೋ, ಬೇಲಿಯಾಚೆಯ ಯಹೂದಿ ಹುಡುಗ ಶ್ಮುಯೆಲ್‌ನ ಗೆಳೆತನ ಬೆಳೆಸಿ, ಕೊನೆಗೆ ಅವನ ಜೊತೆಗೇ ವಿಷಾನಿಲದ ಕೋಣೆಯಲ್ಲಿ ಸಾಯುತ್ತಾನೆ. ಇಡೀ ತರಗತಿ ಅತ್ತಿತು, ನನಗೂ ಪಾಠ ಮುಟ್ಟಿತೆಂಬ ಸಮಾಧಾನವಾಯಿತು. ಮರುದಿನ, ಯಾರನ್ನು ನೆನೆದು ಅತ್ತಿರಿ ಎಂದು ಅರ್ಧ ಪುಟ ಬರೆಯಲು ಹೇಳಿದೆ. ಹೆಚ್ಚಿನವರು ಬರೆದದ್ದು ಬ್ರೂನೋನ ಬಗೆಗೆ, ಅವನ ತಾಯಿಯ ಆಕ್ರಂದನದ ಬಗೆಗೆ. ‘ಪಾಪ, ಅವನು ತಪ್ಪಿ ಒಳಗೆ ಹೋದ’ ಎಂದು ಒಬ್ಬಳು ಬರೆದಿದ್ದಳು. ಹಾಗಾದರೆ ಉಳಿದವರೆಲ್ಲ ತಪ್ಪದೆ ಒಳಗೆ ಹೋಗಬೇಕಾದವರೇ? ಆ ಹುಡುಗಿಯ ಮೇಲೆ ನನಗೆ ಬೇಸರವಿಲ್ಲ. ಆ ಕಥೆಯ ಕಟ್ಟಡವೇ ಅವಳ ಕರುಣೆಯನ್ನು ಆ ಕಡೆಗೆ ಹರಿಸಿತ್ತು. ಶ್ಮುಯೆಲ್‌ನ ಹೆಸರು ಹಲವರಿಗೆ ನೆನಪಿರಲಿಲ್ಲ. ಆಶ್‌ವಿಟ್ಜ್‌ಗೆ ಬಂದ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರನ್ನು ರೈಲಿನಿಂದ ಇಳಿಸಿದ ಕೂಡಲೇ ಕೊಲ್ಲುತ್ತಿದ್ದರು. ಬೇಲಿಯ ಬಳಿ ದಿನವೂ ಕೂತು ಹರಟಲು ಅಲ್ಲಿ ಯಾವ ಹುಡುಗನಿಗೂ ಸಾಧ್ಯವಿರಲಿಲ್ಲ. ಚಿತ್ರಕ್ಕೆ ಆಧಾರವಾದ ಕಾದಂಬರಿಯನ್ನು ಈ ಇತಿಹಾಸ ಓದುವವರೂ ಕಲಿಸುವವರೂ ದೂರವಿಡಬೇಕೆಂದು 2020ರಲ್ಲಿ ಆಶ್‌ವಿಟ್ಜ್ ಸ್ಮಾರಕದವರೇ ಹೇಳಿದರು. ನಾನು ತೋರಿಸಿದ್ದು ಅದಕ್ಕೂ ಮೊದಲು.

ಅಳದ ಮಕ್ಕಳ ಬಗೆಗೂ ಹೇಳಬೇಕು. 1994ರ ಜನವರಿಯಲ್ಲಿ ಅಮೆರಿಕದ ಓಕ್‌ಲ್ಯಾಂಡ್ ನಗರದ ಒಂದು ಶಾಲೆಯ ಸುಮಾರು 70 ಮಕ್ಕಳು ‘ಷಿಂಡ್ಲರ್ಸ್ ಲಿಸ್ಟ್’ ನೋಡಲು ಹೋಗಿದ್ದರು. ಯಹೂದಿ ಹೆಂಗಸೊಬ್ಬಳನ್ನು ಗುಂಡಿಟ್ಟು ಕೊಲ್ಲುವ ದೃಶ್ಯದಲ್ಲಿ ಕೆಲವರು ನಕ್ಕರು. ಉಳಿದ ಪ್ರೇಕ್ಷಕರು ನೊಂದು ದೂರಿದ್ದರಿಂದ ಚಿತ್ರ ನಿಲ್ಲಿಸಿ ಮಕ್ಕಳನ್ನೆಲ್ಲ ಹೊರಗೆ ಕಳಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅವರು ಏನು ನೋಡಲಿದ್ದಾರೆಂದು ಅವರಿಗೆ ಮೊದಲೇ ಯಾರೂ ಸರಿಯಾಗಿ ಹೇಳಿರಲಿಲ್ಲ. ಗುಂಡಿನ ಸದ್ದು ಹೊಸದಲ್ಲದ ಬಡಾವಣೆಗಳ ಮಕ್ಕಳು ಅವರು. ಮುಂದೆ ಸ್ಪೀಲ್‌ಬರ್ಗ್ ತಾವೇ ಆ ಶಾಲೆಗೆ ಹೋಗಿ ಮಕ್ಕಳೊಡನೆ ಮಾತನಾಡಿದರು. ನಕ್ಕವರನ್ನು ಕಲ್ಲೆದೆಯವರೆಂದು ತೀರ್ಮಾನಿಸುವುದು ಸುಲಭ. ಕತ್ತಲಲ್ಲಿ ಹುಟ್ಟುವ ನಗು ಎಷ್ಟೋ ಸಲ ಹೆದರಿಕೆಯದೇ ಇನ್ನೊಂದು ಮುಖ ಎಂಬುದು ಮಕ್ಕಳ ನಡುವೆ ಇರುವವರಿಗೆ ಗೊತ್ತು. ಈಗ ನಾನು ಚಿತ್ರ ತೋರಿಸುವ ಮೊದಲು ಎರಡು ತರಗತಿ, ತೋರಿಸಿದ ಮೇಲೆ ಎರಡು ತರಗತಿ ಮೀಸಲಿಡುತ್ತೇನೆ.

ನಾಲ್ಕನೆಯ ಉತ್ತರ: ಕಾವ್ಯಮೀಮಾಂಸೆಯ ವಿದ್ಯಾರ್ಥಿಯೊಬ್ಬರಿಂದ

ಅತ್ತ ಮೇಲೆ ಮನಸ್ಸು ಹಗುರವಾಯಿತು ಎಂದಿರಿ. ನಮ್ಮ ಆಲಂಕಾರಿಕರು ಇದನ್ನು ಚೆನ್ನಾಗಿ ಬಲ್ಲವರು. ಲೋಕದ ಶೋಕ ಕಾವ್ಯದಲ್ಲಿ ಕರುಣರಸವಾಗಿ ಆಸ್ವಾದ್ಯವಾಗುವುದು ಸಾಧಾರಣೀಕರಣದಿಂದ ಎಂದು ಭಟ್ಟನಾಯಕ ಹೇಳಿದ, ಅಭಿನವಗುಪ್ತ ಅದನ್ನು ಬೆಳೆಸಿದ. ಅಂದರೆ ದುಃಖವು ‘ಇಂಥವನದು, ಇಂಥ ಊರಿನದು, ಇಂಥ ದಿನದ್ದು’ ಎಂಬ ಕಟ್ಟುಗಳಿಂದ ಬಿಡಿಸಿಕೊಂಡಾಗಲೇ ರಸವಾಗುತ್ತದೆ. ರನ್ನನ ದುರ್ಯೋಧನ ರಣರಂಗದ ಹೆಣಗಳ ನಡುವೆ ಕರ್ಣನನ್ನು ಕಂಡು ಹಲುಬುವಾಗ ನಾವು ಕರಗುತ್ತೇವೆ, ಆ ಕರಗುವಿಕೆಗೆ ನಾವು ಯಾರಿಗೂ ಉತ್ತರ ಹೇಳಬೇಕಿಲ್ಲ.

ಹತ್ಯಾಕಾಂಡದ ಚಿತ್ರಗಳಲ್ಲಿ ತೊಡಕಾಗುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಈ ಶೋಕ ಕಟ್ಟು ಬಿಡಿಸಿಕೊಳ್ಳಲು ಒಪ್ಪುವುದಿಲ್ಲ. ಅದಕ್ಕೆ ಹೆಸರಿದೆ, ಬೀದಿಯ ವಿಳಾಸವಿದೆ, ರೈಲು ಹೊರಟ ದಿನಾಂಕವಿದೆ. ಬದುಕಿ ಉಳಿದವರು ನಮ್ಮ ಕಾಲದಲ್ಲೇ ನಮ್ಮ ನಡುವೆ ಇದ್ದಾರೆ. ಇಂಥಲ್ಲಿ ರಸದ ಸುಖ ಕೈಗೆ ಹತ್ತಿದ ಕೂಡಲೇ, ಯಾರದೋ ಸೊತ್ತನ್ನು ಕೇಳದೆ ತೆಗೆದುಕೊಂಡ ಅಳುಕು ಹುಟ್ಟುತ್ತದೆ. ನಿಮ್ಮ ನಾಚಿಕೆ ಅದೇ ಇರಬಹುದು. ಅದನ್ನು ಕಳೆದುಕೊಳ್ಳಲು ಹೋಗಬೇಡಿ.

ಜೊನಾಥನ್ ಗ್ಲೇಜರ್ ಅವರ 2023ರ ‘ದಿ ಝೋನ್ ಆಫ್ ಇಂಟರೆಸ್ಟ್’ ರಸಕ್ಕೆ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಶ್‌ವಿಟ್ಜ್‌ನ ಅಧಿಕಾರಿ ರುಡಾಲ್ಫ್ ಹಾಸ್‌ನ ಮನೆ, ಮನೆಯ ಹೂದೋಟ, ಮಕ್ಕಳ ಈಜುಕೊಳ, ಹೆಚ್ಚಾಗಿ ಇವೇ ಕಾಣುತ್ತವೆ. ಗೋಡೆಯಾಚೆಯಿಂದ ಗುಂಡಿನ ಸದ್ದು, ಕೂಗು, ಕುಲುಮೆಯ ಮೊರೆತ ಎಡೆಬಿಡದೆ ಕೇಳಿಸುತ್ತವೆ. ಮೊದಲ ಹತ್ತು ನಿಮಿಷ ಪ್ರತಿ ಸದ್ದಿಗೂ ನಾನು ಬೆಚ್ಚಿದೆ. ಮುಕ್ಕಾಲು ಗಂಟೆಯಾಗುವಾಗ, ಹಾಸ್‌ನ ಹೆಂಡತಿ ಈ ಮನೆ ಬಿಟ್ಟು ಎಲ್ಲಿಗೂ ಬರಲಾರೆ ಎಂದು ಗಂಡನೊಡನೆ ವಾದಿಸುವುದನ್ನು ಆಸಕ್ತಿಯಿಂದ ಕೇಳುತ್ತಿದ್ದೆ, ಗೋಡೆಯಾಚೆಯ ಸದ್ದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದು ಅರಿವಿಗೆ ಬಂದ ಕ್ಷಣದಲ್ಲಿ ಮೈ ತಣ್ಣಗಾಯಿತು. ಯಾವ ಹೆಣದ ದೃಶ್ಯವೂ ನನ್ನನ್ನು ಹಾಗೆ ಹೆದರಿಸಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಮೇಡಂ, ನೀವು ಮಕ್ಕಳಿಗೆ ಕೊಟ್ಟ ಅರ್ಧ ಪುಟದ ಕೆಲಸವನ್ನು ನಾನೂ ಮಾಡಿನೋಡಿದೆ. ಷಿಂಡ್ಲರ್‌ಗಾಗಿ ಅತ್ತೆ ಎಂದು ಬರೆದೆ. ಒಳ್ಳೆಯವನಾಗಬೇಕೆಂಬ ನನ್ನ ಆಸೆಗೆ ಅವನಲ್ಲಿ ಒಂದು ಮುಖ ಸಿಕ್ಕಿತ್ತು, ಆ ಆಸೆಗಾಗಿ ಅತ್ತೆ ಎಂದೂ ಬರೆಯಬೇಕಾಯಿತು. ಮೆಟ್ಟಿಲಿಳಿದು ಹೋಗುವವರ ಸಾಲಿನ ಭಾಗವನ್ನು ನಿನ್ನೆ ರಾತ್ರಿ ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಹಳ ಚಿಕ್ಕ ತುಣುಕು ಅದು. ತಂದೆಯವರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ‘ಅವತ್ತು ಇವರನ್ನು ನಾನು ನೋಡಲೇ ಇಲ್ಲವಲ್ಲೋ’ ಎಂದರು, ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ‘ಶೋಆ’ದ ಮೊದಲ ಭಾಗವನ್ನು ಈ ಭಾನುವಾರ ಇಬ್ಬರೂ ನೋಡುವವರಿದ್ದೇವೆ.